ರಿಮೋಟಿಗೆ ರಮ್ಮಿನ ಮದ್ದು

ನಮ್ಮ ಮನೆಯಲ್ಲಿ ನಾನು ರಿಪೇರಿ ಮಾಡದ ವಸ್ತುವಿಲ್ಲ. ಮಾಡಿ ಮುಗಿಸಿದ ವಸ್ತುವೂ ಇಲ್ಲ. ಮಿಕ್ಸಿ ಕೆಳಗಿನಿಂದ ಒಂದು ಗುದ್ದು ಕೊಟ್ಟರೆ ತಿರುಗುತ್ತದೆ, ಗೀಸರಿನ ಸ್ವಿಚ್ಚು ಒತ್ತಿದರೆ ವರಾಂಡದ ದೀಪವೂ ಹೊತ್ತುತ್ತದೆ, ಇಸ್ತ್ರಿಪೆಟ್ಟಿಗೆಯನ್ನಂತೂ ಯಾರೂ ಮುಟ್ಟುವುದಿಲ್ಲ. ಹೀಗಾಗಿ ಕಾರಿನ ರಿಮೋಟ್ ಕೆಟ್ಟಿತೆಂದು ನಾನು ಹೇಳಿದಾಗ ಮನೆಯವರ ಮುಖ ಬಾಡಿದ್ದು ಕಾರಿನ ಚಿಂತೆಯಿಂದಲ್ಲ.

ಕೆಡುವುದಕ್ಕೆ ಇಲ್ಲಿ ವಿಶೇಷ ಕಾರಣ ಬೇಕಿಲ್ಲ. ಕೊಡಗಿನ ನಮ್ಮ ಸಿದ್ದಾಪುರದಲ್ಲಿ ಭಾಗಮಂಡಲದಷ್ಟು ಮಳೆಯಿಲ್ಲ ಎಂಬುದು ನಮ್ಮ ಒಂದೇ ಸಮಾಧಾನ. ಆದರೂ ಕಕ್ಕಡ ತಿಂಗಳು ಬಂತೆಂದರೆ ಬೆಲ್ಟು, ಬೂಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು. ಒದ್ದೆ ಪ್ಯಾಂಟಿನ ಜೇಬಿನಲ್ಲೇ ಮಳೆಗಾಲ ಕಳೆಯುವ ರಿಮೋಟಿಗೆ ಬೇರೆ ಗತಿ ಏನಿದೆ? ‘ಕೀಯನ್ನೇ ತೂರಿಸಿ ತಿರುಗಿಸಬಾರದೇ?’ ಎಂದು ಬಯಲುಸೀಮೆಯವರು ಕೇಳುತ್ತಾರೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸಂತೆಚೀಲ, ಮೀನಖಂಡ ಹತ್ತುತ್ತಿರುವ ಜಿಗಣೆ. ಕೀ ತಿರುಗಿಸಲು ಮೂರನೆಯ ಕೈ ಎಲ್ಲಿಂದ ತರಲಿ? ಹೊಸ ಕೀ ಬೇಕಾದರೆ ಕಾರನ್ನೇ ಮೈಸೂರಿಗೆ ತನ್ನಿ, ಕಾರಿಗೂ ಕೀಗೂ ಪರಿಚಯ ಮಾಡಿಸಬೇಕು ಎಂದರು ಕಂಪನಿಯವರು. ಅದರ ಬೆಲೆ ಕೇಳಿದ ಮೇಲೆ ಸ್ಕ್ರೂಡ್ರೈವರ್ ತಾನಾಗಿಯೇ ನನ್ನ ಕೈಗೆ ಬಂತು.

ಅದಕ್ಕೂ ಮೊದಲು ಸ್ಕ್ರೂ ಬಿಚ್ಚದೆಯೇ ಮಾಡುವ ಒಂದು ಉಪಾಯವಿತ್ತು. ರಿಮೋಟನ್ನು ಗದ್ದಕ್ಕೆ ಒತ್ತಿಕೊಂಡು ಗುಂಡಿ ಅದುಮುವುದು. ಇದು ಮೂಢನಂಬಿಕೆಯಲ್ಲ. ಅದು ಹೊರಡಿಸುವ 433.92 ಮೆಗಾಹರ್ಟ್ಸ್ ಅಲೆಗೆ ತಲೆಯೊಳಗಿನ ನೀರು ಆಂಟೆನಾದ ಹಾಗೆ ಒದಗಿ, ಸೋತ ರಿಮೋಟಿನ ಕೂಗೂ ಇನ್ನಷ್ಟು ದೂರ ಮುಟ್ಟುತ್ತದೆ. ಸಿದ್ದಾಪುರ ಸಂತೆಯ ನಡುವೆ ಹಲ್ಲುನೋವಿನವನಂತೆ ಗದ್ದ ಹಿಡಿದು ನಿಂತೆ. ಕಾರು ಕಣ್ಣು ಮಿಟುಕಿಸಿತು. ಹೆಂಡತಿಗೆ ವಿಜ್ಞಾನ ವಿವರಿಸಿದೆ. “ಒಳಗೆ ಬರೀ ನೀರೇ ಇರೋದು ಅಂತ ನಂಗೆ ಮೊದ್ಲೇ ಗೊತ್ತಿತ್ತು” ಎಂದು ಅವಳು ಹಸಿಮೀನಿನ ಕಡೆಗೆ ಹೋದಳು.

ಬಿಚ್ಚಿ ನೋಡಿದರೆ ಒಳಗೆ ಬ್ಯಾಟರಿಯ ತಗಡಿಗೆಲ್ಲ ಹಸಿರು ಕಿಲುಬು. ಹಿತ್ತಾಳೆ ಪಾತ್ರೆಯ ಕಿಲುಬಿಗೆ ಹುಣಸೆಹಣ್ಣಾದರೆ, ಕೊಡಗಿನ ರಿಮೋಟಿಗೆ ಕಾಚಂಪುಳಿ ಎಂದು ತರ್ಕಿಸಿ, ಹಂದಿ ಸಾರಿಗೆ ಎತ್ತಿಟ್ಟಿದ್ದ ಶೀಶೆಯಿಂದ ಎರಡು ಹನಿ ಬಿಟ್ಟೆ. ಕಿಲುಬು ಹೋಯಿತು, ನಿಜ. ಕಪ್ಪು ಅಂಟು ಉಳಿಯಿತು, ಹಿಂದೆಯೇ ಇರುವೆ ಬಂತು. ಪಕ್ಕದ ತೋಟದ ನಿವೃತ್ತ ಸುಬೇದಾರರು ಬಂದು ನೋಡಿ, ಸರ್ಕ್ಯೂಟ್ ತೊಳೆಯಲು ಆಲ್ಕೋಹಾಲೇ ಸರಿ ಎಂದು ತಮ್ಮ ಕ್ಯಾಂಟೀನ್ ಕೋಟಾದ ರಮ್ ತಂದರು. ಬಾಟಲಿಯ ಮೇಲೆ 42.8 ಪರ್ಸೆಂಟ್ ಎಂದಿತ್ತು. ಉಳಿದದ್ದು ಹೆಚ್ಚುಕಡಿಮೆ ನೀರು ಎಂಬುದು ರಿಮೋಟಿಗೆ ತಿಳಿದಷ್ಟು ಬೇಗ ನಮಗೆ ತಿಳಿಯಲಿಲ್ಲ, ಏಕೆಂದರೆ ರಿಮೋಟಿಗೆ ಹೋದದ್ದು ಹತ್ತಿಯಲ್ಲಿ ಅದ್ದಿದಷ್ಟು ಮಾತ್ರ. ಮಿಕ್ಕದ್ದನ್ನು ಸುಬೇದಾರರೂ ನಾನೂ ವ್ಯರ್ಥವಾಗಲು ಬಿಡಲಿಲ್ಲ.

ಒಣಗಿಸಲು ಒಲೆಯ ಮೇಲಿನ ಅಟ್ಟ. ಅಲ್ಲಿ ಹೊಗೆಗೆ ಕಟ್ಟಿದ ಹಂದಿ ಮಾಂಸದ ಪಕ್ಕದಲ್ಲಿ ಎರಡು ರಾತ್ರಿ ತೂಗಿದ ಮೇಲೆ ರಿಮೋಟಿಗೆ ಜೀವ ಬಂತೋ ಇಲ್ಲವೋ, ವಾಸನೆಯಂತೂ ಬಂತು. ಅಂದಿನಿಂದ ಊರಿನ ನಾಯಿಗಳೆಲ್ಲ ನನ್ನ ಬಲಜೇಬನ್ನು ಗೌರವದಿಂದ ಹಿಂಬಾಲಿಸುತ್ತವೆ.

ರಿಮೋಟಿಗೆ ಬೇಕಾದ ಬ್ಯಾಟರಿ ಸಿಆರ್ 2032: ಅಗಲ 20 ಮಿಲಿಮೀಟರ್, ದಪ್ಪ 3.2. ವಾಚ್ ಅಂಗಡಿಯಲ್ಲಿ ಇದ್ದದ್ದು 2025, ಅಂದರೆ ದಪ್ಪ 2.5. ಉಳಿದ 0.7 ಮಿಲಿಮೀಟರಿಗಾಗಿ ಇನ್ನೊಂದು ಅಂಗಡಿ ಹತ್ತುವವನು ನಾನಲ್ಲ. ನನ್ನ ಬಿ.ಪಿ. ಮಾತ್ರೆಯ ಬೆಳ್ಳಿ ಕಾಗದವನ್ನು ಮಡಚಿ ಅಡಿಗಿಟ್ಟೆ. ಹಾಗಾಗಿ ರಿಮೋಟೂ ನಾನೂ ಒಂದೇ ಮಾತ್ರೆಯ ಮೇಲೆ ಬದುಕತೊಡಗಿದೆವು.

ಇಷ್ಟಕ್ಕೆ ನಿಲ್ಲಿಸಿದ್ದರೆ ಊರಿಗೆ ಆನೆ ಬರುತ್ತಿರಲಿಲ್ಲ. ಗುಂಡಿಯ ರಬ್ಬರೂ ಹರಿದಿತ್ತು, ಅದಕ್ಕೆ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಫೆವಿಕ್ವಿಕ್ ಹಾಕಿ ಕೂರಿಸಿದೆ. ಅಂಟು ಒಳಗಿಳಿದು ಗುಂಡಿ ಅರ್ಧ ಒತ್ತಿದಂತೆಯೇ ಗಟ್ಟಿಯಾಯಿತು. ನಡುರಾತ್ರಿ ಕಾರು ದೀಪ ಮಿನುಗಿಸುತ್ತ ಬಾಯಿ ಬಡಿದುಕೊಳ್ಳಲು ಶುರುಮಾಡಿತು. ಹಲಸು ಹಣ್ಣಾಗುವ ಕಾಲ. ಮಾಲ್ದಾರೆ ಕಡೆಯಿಂದ ಆನೆಗಳು ತೋಟಕ್ಕಿಳಿಯುವ ಕಾಲ. ರಾತ್ರಿ ಯಾರಾದರೂ ಬಿಡದೆ ಹಾರ್ನ್ ಹೊಡೆದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಲೈನ್ ಮನೆಯವರು ತಗಡು ಬಡಿಯುತ್ತ ಬಂದರು. ಸುಬೇದಾರರು ಟಾರ್ಚು, ಪಟಾಕಿ ಹಿಡಿದು, ಬನಿಯನ್ನಿನಲ್ಲೇ ಬಂದು ಆಜ್ಞೆ ಕೊಡತೊಡಗಿದರು. ಪಟಾಕಿ ಸಿಡಿಯಿತು. ಯಾರೋ “ಅಗೋ, ಒಂಟಿ ಸಲಗ! ಎಡಗೊಂಬು ಮುರಿದಿದೆ!” ಎಂದು ಕೂಗಿದರು. ಒಳಗೆ ನಾನು ಆ ಅಂಟಿಕೊಂಡ ಗುಂಡಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದೆ.

ಹೆಂಡತಿ ಬಂದು ರಿಮೋಟ್ ಕಸಿದುಕೊಂಡು ಪ್ರೆಶರ್ ಕುಕ್ಕರಿಗೆ ಹಾಕಿ ಮುಚ್ಚಳ ಬಿಗಿದಳು. ಕಾರು ಸುಮ್ಮನಾಯಿತು. ಮುಚ್ಚಿದ ಲೋಹದ ಪಾತ್ರೆಯಿಂದ ರೇಡಿಯೋ ಅಲೆ ಹೊರಬರುವುದು ಕಷ್ಟ, ಭಲೇ ಎಂದು ನಾನು ಮೆಚ್ಚಿದೆ. ಅವಳ ಉದ್ದೇಶ ಬೇಯಿಸುವುದಷ್ಟೇ ಆಗಿತ್ತೆಂದು ಆಮೇಲೆ ತಿಳಿಯಿತು.

ಬೆಳಿಗ್ಗೆ ಅರಣ್ಯ ಇಲಾಖೆಯ ಹುಡುಗರು ಬಂದು “ಲದ್ದಿ ಎಲ್ಲಿ ಸಾರ್?” ಎಂದು ಕೇಳಿದರು. ತೋಟದಲ್ಲಿ ಬಿದ್ದಿದ್ದನ್ನು ತೋರಿಸಿದೆ. ಅದು ಹಿಂದಿನ ವಾರದ್ದು; ಆದರೆ ಅವರು ಕೇಳಿದ್ದು ಎಲ್ಲಿ ಅಂತ, ಯಾವತ್ತಿನದು ಅಂತಲ್ಲ.

ಕಡೆಗೆ ಅಂಗಾಂಗ ಕಸಿಗೆ ಕೈಹಾಕಿದೆ. ಬೀರುವಿನಲ್ಲಿ ಕಾರಿನ ಜೊತೆಗೇ ಬಂದ ಎರಡನೆಯ ಕೀ ಇತ್ತು. ಅದನ್ನೇ ಬಳಸಬಹುದಿತ್ತಲ್ಲ ಎಂದು ಈಗ ಎಲ್ಲರೂ ಹೇಳುತ್ತಾರೆ. ಹಾಗೆ ಬಳಸುವುದಕ್ಕೆ ಯಾರು ಬೇಕಾದರೂ ಸಾಕು, ನಾನೇ ಯಾಕೆ? ಅದರ ರಬ್ಬರು, ಬ್ಯಾಟರಿ ತಗಡು ಎಲ್ಲ ಕಿತ್ತು ಮೊದಲನೆಯದಕ್ಕೆ ಜೋಡಿಸಿದೆ. ಬಾಗಿಲು ಟಕ್ಕೆಂದು ತೆರೆಯಿತು. ಎಂಜಿನ್ ಮಾತ್ರ ಒಂದು ಕ್ಷಣ ಗುರುಗುಟ್ಟಿ ಸತ್ತಿತು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿನುಗಿತು. ಕೀಯ ಹಿಡಿಯೊಳಗೆ ಒಂದು ಪುಟ್ಟ ಕರಿ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿಯೇ ಬೇಡ. ಕೀ ತೂರಿಸುವ ಜಾಗದ ಸುತ್ತಲಿನ ತಂತಿಸುರುಳಿಯಿಂದ ಶಕ್ತಿ ಪಡೆದು, ತನ್ನ ಗುರುತು ಹೇಳುತ್ತದೆ. ಗುರುತು ಸಿಗದಿದ್ದರೆ ಕಾರಿಗೆ ನೀವು ಕಳ್ಳರು. ಬಿಚ್ಚುವಾಗ ಮೊದಲನೆಯ ಕೀಯ ಚಿಪ್ ಮೇಜಿನ ಮೇಲೆ ಬಿದ್ದಿತ್ತು. ಇದ್ದಿಲ ಚೂರೆಂದುಕೊಂಡು, ಮನೆಗೆ ಬಂದಿದ್ದ ಅತ್ತೆ ಅದನ್ನು ಒರೆಸಿ ಒಲೆಗೆ ಹಾಕಿದ್ದರು.

ಹೀಗಾಗಿ ಈಗ ಒಂದು ಕೀ ಬಾಗಿಲು ತೆರೆಯಲು, ಇನ್ನೊಂದು ಕಾರು ಚಾಲೂ ಮಾಡಲು. ಎರಡನೆಯದನ್ನೇ ತೂರಿಸಿ ಬಾಗಿಲು ತೆರೆದರೆ ಕಾರು ಮತ್ತೆ ಆನೆ ಓಡಿಸಲು ಶುರುಮಾಡುತ್ತದೆ. ಒಮ್ಮೆ ಕುಶಾಲನಗರಕ್ಕೆ ಜೊತೆಯಾಗಿ ಹೋಗಿದ್ದೆವು. ಹೆಂಡತಿ ಅಕ್ಕನ ಕಾರಿನಲ್ಲಿ ಮುಂಚೆಯೇ ಮನೆಗೆ ಹೊರಟಳು, ಅವಳ ಬ್ಯಾಗಿನಲ್ಲಿ ಚಾಲೂ ಕೀ. ಬಾಗಿಲು ಕೀ ಹಿಡಿದ ನಾನು ಸಂಜೆಯವರೆಗೆ ಕಾರಿನೊಳಗೆ ಕೂತು, ತೆರೆದು, ಮುಚ್ಚಿ, ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನೋಡುತ್ತಿದ್ದೆ. ಅವಳು ಬಸ್ಸಿನಲ್ಲಿ ಬಂದು ಕಿಟಕಿಯಿಂದ ಕೀ ಕೊಟ್ಟು, ಬಸ್ಸಿನಲ್ಲೇ ವಾಪಸು ಹೋದಳು.

ಸೆಪ್ಟೆಂಬರ್ 3ಕ್ಕೆ ಮಾವನ ಮನೆಯಲ್ಲಿ ಕೈಲ್ ಮುಹೂರ್ತ. ದೀಪದ ಮುಂದೆ ಕೋವಿ, ಕತ್ತಿ, ಅವುಗಳಿಗೆ ಗಂಧದ ಬೊಟ್ಟು, ತೋಕ್ ಪೂ ಸಿಕ್ಕಿಸಿದ ಸಾಲು. ನನ್ನವೂ ಎರಡು ಕೀ ಇಟ್ಟೆ. ಮಾವ ಕನ್ನಡಕ ಏರಿಸಿ “ಎರಡು ಕಾರು ತಗೊಂಡ್ರಾ?” ಎಂದರು. ವಿವರಿಸಿದೆ. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಅಳಿಯನ ಸ್ಕ್ರೂಡ್ರೈವರಿಗೆ ಮಾತ್ರ ಲೈಸೆನ್ಸ್ ಕಡ್ಡಾಯವಾಗಬೇಕು ಎಂಬುದು ಅವರ ಅಭಿಪ್ರಾಯವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಕಡುಬು, ಹಂದಿ ಸಾರು ಬರುವವರೆಗೆ ಸುಮ್ಮನೆ ಕೂರಲಾಗದೆ “ಮಾವ, ಈ ಕೋವಿಯ ಕುದುರೆ ಸ್ವಲ್ಪ ಬಿಗಿಯಾದ ಹಾಗಿದೆಯಲ್ಲ?” ಎಂದೆ.

ಯಾರೂ ಏನೂ ಹೇಳಲಿಲ್ಲ. ಅತ್ತೆ ಸೌಟು ಕೆಳಗಿಟ್ಟು ಬಂದು, ಕೋವಿಯನ್ನು ಹೂವಿನ ಸಮೇತ ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು.