ನಮ್ಮ ಕಾಂಪೌಂಡ್ ಮೇಲೆ ಗೂಬೆ ಕೂರಿಸಿದ್ದು

ನೀವು ಮಗನ ಮನೆಗೆ ಅಂತ ಹೋಗಿ ಹದಿನೈದು ದಿವಸ ಆಯ್ತಲ್ಲ, ಅಷ್ಟರಲ್ಲಿ ಇಲ್ಲಿ ಏನೇನಾಯ್ತು ಅಂತೀರಿ! ಅಗೋ ನೋಡಿ, ನಮ್ಮ ಸೀಬೆ ಮರದ ಮೇಲ್ಗಡೆ ಕೊಂಬೇಲಿ ಇನ್ನೂ ಒಂದು ಮೇಣದಬತ್ತಿ ನೇತಾಡ್ತಿದೆ. ಕೈಗೆ ಎಟುಕಲ್ಲ. ಬ್ಯಾಟರಿದು, ಮೊನ್ನೆ ತನಕ ಉರೀತಿತ್ತು. ನಸುಕಲ್ಲಿ ಪೇಪರ್ ಹಾಕೋ ಹುಡುಗ ಮರದಲ್ಲಿ ದೀಪ ನೋಡಿ ಪೇಪರನ್ನ ಗೇಟಿನ ಹೊರಗೇ ಎಸೆದು ಓಡಿದ್ದಾನೆ.

ಎಲ್ಲ ಆ ಕಡೆ ಮನೆ ಮೇಷ್ಟ್ರ ಮಗಳು ಪುಟ್ಟಿ ಕೆಲಸ. ಫೆಬ್ರವರಿಯಲ್ಲಿ ಮದುವೆ ಆಯ್ತಲ್ಲ, ಮೊದಲನೇ ಆಷಾಢಕ್ಕೆ ತವರಿಗೆ ಬಂದಿದ್ಲು. ಲ್ಯಾಪ್‌ಟಾಪ್ ಇಟ್ಕೊಂಡು ಇಲ್ಲಿಂದಲೇ ಆಫೀಸು. ಬಂದ ಮಾರನೇ ದಿನವೇ ಬೇಲಿ ಹತ್ರ ನಿಂತ್ಕೊಂಡು, "ಆಂಟಿ, 31ನೇ ತಾರೀಕು ನನ್ನ ಹುಟ್ಟುಹಬ್ಬ. ನಿಮ್ಮ ಕಾಂಪೌಂಡ್ ಮೇಲೆ ಗೂಬೆ ಕೂರಿಸಬಹುದಾ?" ಅಂದ್ಲು. ಅರವತ್ತೊಂದು ವರ್ಷದಲ್ಲಿ ನನ್ನ ಮೇಲೆ ಎಷ್ಟೋ ಜನ ಗೂಬೆ ಕೂರಿಸಿದ್ದಾರೆ, ನಮ್ಮ ಓರಗಿತ್ತಿಯಂತೂ ವಾರಕ್ಕೊಂದು. ಆದರೆ ಹೀಗೆ ಮೊದಲೇ ಅನುಮತಿ ಕೇಳಿದವರು ಯಾರೂ ಇಲ್ಲ ರೀ. ಆಗಲಿ ಅಂದೆ.

ಆಮೇಲೆ ಗೊತ್ತಾಯ್ತು, ಹ್ಯಾರಿ ಪಾಟರ್ ಪಾರ್ಟಿ ಅಂತೆ. ಮಕ್ಕಳಿಗಾ ಅಂದೆ. ಅಲ್ಲ, ಬರೋರು ಹದಿನಾಲ್ಕು ಜನ, ಎಲ್ಲರಿಗೂ ಮೂವತ್ತು ದಾಟಿದೆ. ಒಬ್ಬ ಹಲ್ಲಿನ ಡಾಕ್ಟರು, ಒಬ್ಬಳು ಬ್ಯಾಂಕಿನಲ್ಲಿ ಮ್ಯಾನೇಜರು. ಇನ್ನೊಬ್ಬನಿಗೆ ಇಎಂಐ ಎರಡು, ಕೂದಲು ನಾಲ್ಕು. ಇವರೆಲ್ಲ ಕರೀ ಗೌನು ತೊಟ್ಟು ಕೈಯಲ್ಲಿ ಕಡ್ಡಿ ಹಿಡ್ಕೊಂಡು ಬರ್ತಾರಂತೆ.

ನಗಬೇಡಿ. ಇವಳಿಗೆ ಆ ಹುಚ್ಚು ಹಿಡಿದದ್ದಕ್ಕೆ ಕಾರಣ ಇದೆ. ಕಥೆಯ ಹ್ಯಾರಿ ಹುಟ್ಟಿದ್ದು 1980ರ ಜುಲೈ 31. ಬರೆದ ರೌಲಿಂಗ್ ಹುಟ್ಟಿದ್ದು 1965ರ ಜುಲೈ 31. ನಮ್ಮ ಪುಟ್ಟಿಯದೂ ಅದೇ ತಾರೀಕು. ಮೊದಲನೇ ಪುಸ್ತಕ 1997ರಲ್ಲಿ ಬಂದಾಗ ಗಟ್ಟಿ ರಟ್ಟಿನದು ಅಚ್ಚು ಹಾಕಿದ್ದೇ ಐನೂರು ಪ್ರತಿ ಅಂತೆ. ಹತ್ತು ವರ್ಷ ಕಳೆದು ಕೊನೇದು ಬರೋ ಹೊತ್ತಿಗೆ, 2007ರ ಜುಲೈ 21, ಲಂಡನ್ನಲ್ಲಿ ನಡುರಾತ್ರಿ ಬಿಡುಗಡೆ ಅಂದ್ರೆ ನಮಗೆ ಬೆಳಗಿನ ಜಾವ ನಾಲ್ಕೂವರೆ ನೋಡಿ, ನಮ್ಮ ಮೇಷ್ಟ್ರು ಮಂಕಿ ಕ್ಯಾಪ್ ಹಾಕ್ಕೊಂಡು, ಫ್ಲಾಸ್ಕಲ್ಲಿ ಕಾಫಿ ತಗೊಂಡು, ಇವಳನ್ನ ಸ್ಕೂಟರಲ್ಲಿ ಕೂರಿಸ್ಕೊಂಡು ಪುಸ್ತಕದ ಅಂಗಡಿ ಮುಂದೆ ಸಾಲು ನಿಂತಿದ್ರು. ಹದಿನಾಲ್ಕು ತುಂಬೋಕೆ ಹತ್ತು ದಿನ ಇತ್ತು ಅವಳಿಗೆ. ಮನೆಗೆ ಬಂದವಳು ಎರಡು ದಿವಸ ಹಲ್ಲುಜ್ಜಿದ್ದು ಬಿಟ್ಟರೆ ಎದ್ದಿಲ್ಲ.

ಈಗ ತೊಡಕು ಕೇಳಿ. ಆ 31 ಈ ಸಲ ಆಷಾಢ ಶುಕ್ರವಾರಕ್ಕೇ ಬಂದು ಕೂತಿದೆ. ಮೈಸೂರಿಗೆ ಮೈಸೂರೇ ಚಾಮುಂಡಿ ಬೆಟ್ಟ ಹತ್ತೋ ದಿವಸ ಇವರದ್ದು ಕರೀ ಗೌನು. ಅದೂ ಹೋಗಲಿ, ಗಂಡ ಬರಬೇಕಲ್ಲ? ಮೊದಲನೇ ಆಷಾಢದಲ್ಲಿ ಅಳಿಯ ಅತ್ತೆ ಮನೆ ಹೊಸ್ತಿಲು ದಾಟೋ ಹಾಗಿಲ್ಲ. ಮೇಷ್ಟ್ರ ಹೆಂಡತಿ ಇದರಲ್ಲಿ ಒಂದು ಕೂದಲೆಳೆ ಸಡಿಲ ಬಿಡೋರಲ್ಲ, ನಿಮಗೇ ಗೊತ್ತು. ಹಾಗಾಗಿ ಪಾರ್ಟಿ ನಮ್ಮನೆ ಹಿತ್ತಲಿಗೆ ಬಂತು. ಅಳಿಯ ನಮ್ಮ ಗೇಟಿಂದ ಬರೋದು, ಮಗಳು ಅವರ ಮನೆಯಿಂದ ಬೇಲಿ ಸಂದಿಯಲ್ಲಿ ತೂರೋದು.

ಆ ದಾಸವಾಳದ ಬೇಲಿಯಲ್ಲಿ ಸಂದಿ ಇದೆಯಲ್ಲ, ನಾವು ಸಾರು ಪಲ್ಯ ದಾಟಿಸೋದು? ಅಲ್ಲಿ ಒಂದು ಹಳೇ ಬೆಡ್‌ಶೀಟಿಗೆ ಇಟ್ಟಿಗೆ ಬಣ್ಣ ಬಳಿದು, ನಡುವೆ ಸೀಳಿ ನೇತು ಹಾಕಿದ್ರು. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಲ್ಲಿ ಒಂಬತ್ತನೇ ಪ್ಲಾಟ್‌ಫಾರಂಗೂ ಹತ್ತನೇದಕ್ಕೂ ಮಧ್ಯದ ಗೋಡೆಗೆ ನುಗ್ಗಿದ್ರೆ ಮಾಂತ್ರಿಕರ ರೈಲು ಸಿಗುತ್ತಂತೆ ಕಥೆಯಲ್ಲಿ. ಈಗ ಆ ಸ್ಟೇಷನ್ನಲ್ಲಿ ನಿಜವಾಗ್ಲೂ ಗೋಡೆಯೊಳಗೆ ಅರ್ಧ ತೂರಿದ ಲಗೇಜ್ ಗಾಡಿ ಇಟ್ಟಿದ್ದಾರೆ, ಜನ ಕ್ಯೂ ನಿಂತು ಫೋಟೋ ತೆಗೆಸ್ಕೋತಾರೆ. "ಒಂಬತ್ತೂ ಮುಕ್ಕಾಲು" ಅಂತ ಬೋರ್ಡು ಬರೆದದ್ದು ಮೇಷ್ಟ್ರು. ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಕೊನೇ ತಲೆ ನಮ್ಮದು ಅಂತ ಅವರಿಗೆ ಜಂಬ.

ಗೂಬೆ ವಿಷಯಕ್ಕೆ ದೊಡ್ಡ ರಾಮಾಯಣವೇ ಆಯ್ತು. ಆ ಕಥೆಯಲ್ಲಿ ಕಾಗದ ತರೋದೇ ಗೂಬೆಗಳಂತೆ, ಅದಕ್ಕೇ ಪಾರ್ಟಿಗೂ ಗೂಬೆ ಬೇಕು. ಯಾರೋ ಸ್ನೇಹಿತ, ಜೀವಂತ ಗೂಬೆಯನ್ನೇ ಒಂದು ದಿನದ ಮಟ್ಟಿಗೆ ತರಿಸೋಣ ಅಂದನಂತೆ. ಪುಟ್ಟಿ ಅವನಿಗೆ ಫೋನಲ್ಲೇ ಗ್ರಹಚಾರ ಬಿಡಿಸಿದ್ಲು, ಇಲ್ಲಿ ಹಪ್ಪಳ ಒಣಗಿಸ್ತಿದ್ದ ನನಗೂ ಕೇಳಿಸ್ತು. ಕಾಡುಪ್ರಾಣಿ ಕಾಯ್ದೆ ಪ್ರಕಾರ ಅದು ಅಪರಾಧ. 2010ರಲ್ಲಿ ಟ್ರಾಫಿಕ್ ಅನ್ನೋ ಸಂಸ್ಥೆಯವರು ನಮ್ಮ ದೇಶದ ಗೂಬೆ ವ್ಯಾಪಾರದ ಮೇಲೆ ವರದಿ ಮಾಡಿದ್ರಂತೆ. ಇಲ್ಲಿರೋ ಮೂವತ್ತು ಜಾತಿ ಗೂಬೆಗಳಲ್ಲಿ ಹದಿನೈದು ಜಾತಿ ಸಂತೆಗೆ ಬರುತ್ವೆ, ಹೆಚ್ಚಿನವು ಮಾಟ ಮಂತ್ರಕ್ಕೆ. ವರದಿ ಬರೆದವರು ಅದಕ್ಕೆ ಕೈ ಹಾಕಿದ್ದಾದ್ರೂ ಹೇಗೆ? ಪರಿಚಯದ ಒಬ್ಬರು ಮಗನ ಹತ್ತನೇ ಹುಟ್ಟುಹಬ್ಬಕ್ಕೆ ಬಿಳೀ ಗೂಬೆ ಬೇಕು ಅಂತ ಅವರನ್ನ ಕೇಳಿದ್ರಂತೆ, ಇದೇ ಹ್ಯಾರಿ ಪಾಟರ್ ಪಾರ್ಟಿಗೆ! ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ಕೂಡ ಈ ಪುಸ್ತಕದ ಮೋಹದಿಂದ ಗೂಬೆಗಳಿಗೆ ಕುತ್ತು ಬಂದಿದೆ ಅಂದಿದ್ರು. ಹೋಮಕ್ಕೂ ಗೂಬೆ, ಹುಟ್ಟುಹಬ್ಬಕ್ಕೂ ಗೂಬೆ. ಪಾಪದ ಹಕ್ಕಿ. ಕಡೆಗೆ ಪುಟ್ಟಿ ತೆಂಗಿನ ಚಿಪ್ಪಿಗೆ ಹತ್ತಿ ಅಂಟಿಸಿ, ಗುಂಡಿಯ ಕಣ್ಣಿಟ್ಟು ಏಳು ಗೂಬೆ ಮಾಡಿದ್ಲು. ಮೇಷ್ಟ್ರ ಹೆಂಡತಿ ಅವುಗಳ ಮುಖವನ್ನ ತಮ್ಮ ಮನೆ ಕಡೆಯಿಂದ ನಮ್ಮ ಮನೆ ಕಡೆಗೆ ತಿರುಗಿಸಿ ಹೋದ್ರು. ನಾನು ನೋಡಿದೆ, ಸುಮ್ಮನಿದ್ದೆ.

ಪೊರಕೆಗೂ ಅವರ ತಕರಾರು. ಲಕ್ಷ್ಮಿ ಅದು, ಕಾಲು ಸೋಕಬಾರದು, ಇವರು ಅದರ ಮೇಲೆ ಕಾಲು ಹಾಕಿ ಸವಾರಿ ಮಾಡ್ತಾರಾ ಅಂತ. ಅದೂ ಶುಕ್ರವಾರ! ಆಗ ಅಳಿಯನೇ ಬೆಂಗಳೂರಿಂದ ವಿಡಿಯೋ ಕಾಲಲ್ಲಿ ಪರಿಹಾರ ಹೇಳಿದ. ಪೊರಕೆ ಸವಾರಿಯ ಕ್ವಿಡಿಚ್ ಆಟವನ್ನ ಅಮೆರಿಕದ ಮಿಡಲ್‌ಬರಿ ಅನ್ನೋ ಕಾಲೇಜಿನ ಹುಡುಗರು 2005ರಲ್ಲಿ ನೆಲದ ಮೇಲೇ ಆಡೋಕೆ ಶುರು ಮಾಡಿದ್ರಂತೆ, ಈಗ ಪಂದ್ಯಗಳಲ್ಲಿ ಪೊರಕೆ ಬದಲು ಪಿವಿಸಿ ಪೈಪು. ನಮ್ಮ ಬೋರ್‌ವೆಲ್ಲಿಗೆ ತಂದು ಉಳಿದ ಪೈಪು ಇತ್ತಲ್ಲ ಶೆಡ್ಡಲ್ಲಿ, ಕುಯ್ದು ಕೊಟ್ಟೆ. ಪೈಪಿಗೆ ಯಾವ ದೇವತೆಯೂ ಇಲ್ಲ ಅಂತ ಅತ್ತೆಯವರು ಒಪ್ಪಿದ್ರು.

ಆದರೆ ನನಗೆ ತಮಾಷೆ ಅನ್ನಿಸಿದ್ದು ಏನು ಗೊತ್ತಾ? ನಾವು ಪುಟ್ಟಿ ತಾಯಿಯ ಮಡಿ ನೋಡಿ ಸುಸ್ತಾಗ್ತಿದ್ವಿ. ಈ ಮಕ್ಕಳ ಮಡಿ ಅದಕ್ಕಿಂತ ಹೆಚ್ಚು! ಬಣ್ಣದ ಪತಾಕೆ ಕಟ್ಟೋಕೆ ಹಿಂದಿನ ದಿನವೇ ಮೂವರು ಬಂದಿದ್ರು. ಆ ಶಾಲೆಯಲ್ಲಿ ನಾಲ್ಕು ಹೌಸು, ಗ್ರಿಫಿಂಡರ್, ಸ್ಲಿದರಿನ್, ರೇವನ್‌ಕ್ಲಾ, ಹಫಲ್‌ಪಫ್ ಅಂತ. ಅದರಲ್ಲಿ ರೇವನ್‌ಕ್ಲಾಗೆ ಪುಸ್ತಕದಲ್ಲಿ ನೀಲಿ ಮತ್ತು ಕಂಚು, ಸಿನಿಮಾದಲ್ಲಿ ನೀಲಿ ಮತ್ತು ಬೆಳ್ಳಿ. ಒಬ್ಬಳು ಬೆಳ್ಳಿ ರಿಬ್ಬನ್ ತಂದಿದ್ದಾಳೆ. ಬಿತ್ತು ನೋಡಿ ಜಗಳ! ಏಕಾದಶಿ ಇವತ್ತೋ ನಾಳೆಯೋ ಅಂತ ಎರಡು ಪಂಚಾಂಗದವರು ಕಚ್ಚಾಡ್ತಾರಲ್ಲ, ಅದೇ ದನಿ, ಅದೇ ಬೆರಳು. ಹಲ್ಲಿನ ಡಾಕ್ಟರು ಕಾರಿಂದ ಪುಸ್ತಕ ತಂದು ಪುಟ ತೆಗೆದು ಪ್ರಮಾಣ ತೋರಿಸಿದ. ರಾತ್ರಿ ಒಂಬತ್ತಕ್ಕೆ ಅರಿಶಿನಕ್ಕೆ ಕಾಫಿ ಡಿಕಾಕ್ಷನ್ ಬೆರೆಸಿ ಬೆಳ್ಳಿ ರಿಬ್ಬನ್ನಿಗೆ ಬಳಿದು ಕಂಚು ಮಾಡಿದ್ದು ನಾನೇ.

ಇವರು ಒಬ್ಬರಿಗೊಬ್ಬರು ಪರಿಚಯ ಆಗೋದೂ ಹಾಗೇ. ನಾವು ಗೋತ್ರ ಕೇಳಿದ ಹಾಗೆ, ನೀವು ಯಾವ ಹೌಸು ಅಂತ ಮೊದಲು ಕೇಳೋದು. ನನಗೂ ಚೂಪು ಟೋಪಿ ಹಾಕಿ ನಾಲ್ಕು ಪ್ರಶ್ನೆ ಕೇಳಿ ಹಫಲ್‌ಪಫ್ ಅಂತ ತೀರ್ಮಾನ ಮಾಡಿದ್ರು. ಏನಮ್ಮಾ ಹಾಗಂದ್ರೆ ಅಂದೆ. ನಿಯತ್ತಾಗಿ ದುಡಿಯೋರು ಆಂಟಿ, ಅವರ ಕೋಣೆ ಅಡಿಗೆಮನೆ ಪಕ್ಕದಲ್ಲೇ ಇರೋದು ಅಂದ್ಲು. ಅಲ್ಲಾ, ಮಂತ್ರ ಹಾಕಿದ್ರೂ ಅಡಿಗೆಮನೆ ತಪ್ಪಲಿಲ್ಲವಲ್ಲ ನನಗೆ!

ಅಡಿಗೆ ಅಂದ್ರೆ ನೆನಪಾಯ್ತು. ಆ ಕಥೆಯಲ್ಲಿ ಬಟರ್‌ಬಿಯರ್ ಅಂತ ಒಂದು ಪಾನೀಯ ಬರುತ್ತೆ. ಬಿಯರ್ ಅಂದ ತಕ್ಷಣ ನಮ್ಮನೆಯವರು ಪೇಪರ್ ಕೆಳಗಿಟ್ಟರು, ಆ ಬಿಯರ್ ಅಲ್ಲ ಅಂದ ಮೇಲೆ ಮತ್ತೆ ಎತ್ತಿಕೊಂಡರು. ಪುಸ್ತಕದಲ್ಲಿ ಮಾಡೋ ವಿಧಾನ ಕೊಟ್ಟಿಲ್ಲ, ಎಲ್ಲ ಅವರವರ ಊಹೆ. ಪುಟ್ಟಿ ಮೊದಲು ಬೆಣ್ಣೆ ಕರಗಿಸಿ, ಸಕ್ಕರೆ ಹಾಕಿ, ಮೇಲಿಂದ ಫ್ರಿಜ್ಜಿನ ಸೋಡಾ ಸುರಿದ್ಲು. ಬುಸ್ ಅಂತ ನೊರೆ ಬಂತು, ಇಳೀತು. ಇಳಿದ ಮೇಲೆ ನೋಡಿದ್ರೆ ಬೆಣ್ಣೆಯೆಲ್ಲ ಹರಳು ಹರಳಾಗಿ ಮೇಲೆ ತೇಲ್ತಿದೆ, ಮಜ್ಜಿಗೆ ಕಡೆದಾಗ ಬರುತ್ತಲ್ಲ ಹಾಗೆ. ಕುಡಿದ್ರೆ ಅಂಗುಳಿಗೆ ಅಂಟಿಕೊಳ್ಳುತ್ತೆ. ತಣ್ಣಗಿನದಕ್ಕೆ ಬೆಣ್ಣೆ ಹಾಕಿದ್ರೆ ಗಟ್ಟಿಯಾಗದೆ ಇನ್ನೇನು? ಸರೀಮ್ಮ ಅಂತ ನಾನೇ ಸೆರಗು ಸಿಕ್ಕಿಸಿದೆ. ನಮ್ಮತ್ತೆ ಕಾಲದ ಕೊಳದಪ್ಪಲೆ ಒಲೆ ಮೇಲಿಟ್ಟು, ಮಂಡ್ಯದ ಬೆಲ್ಲ ಕುಟ್ಟಿ ಹಾಕಿ, ನೀರು ಚಿಮುಕಿಸಿ ಪಾಕ ತೆಗೆದೆ. ಬೆಲ್ಲ ಕರಗಿ, ಗುಳ್ಳೆ ದೊಡ್ಡದಾಗಿ, ಆಮೇಲೆ ಸಣ್ಣದಾಗಿ, ಬಣ್ಣ ತಿರುಗೋ ಹೊತ್ತಿಗೆ ಒಂದು ಹಿಡಿ ಬೆಣ್ಣೆ. ಚುರ್ ಅಂತು. ಉರಿ ಆರಿಸಿ ಕೆನೆ, ಒಂದು ಚಿಟಿಕೆ ಉಪ್ಪು, ಒಣಶುಂಠಿ. ಕೆನೆ ಜೊತೆ ಕದಡಿಕೊಂಡ ಬೆಣ್ಣೆ ಆಮೇಲೆ ಬೇರೆ ಆಗಲ್ಲ. ಅದಕ್ಕೆ ಬಿಸಿ ಹಾಲು ಹಾಕಿ ಸೌಟಿಂದ ಎತ್ತಿ ಎತ್ತಿ ಹೊಯ್ದೆ. ಕುಡಿದವರೆಲ್ಲ ಕಣ್ಣು ಮುಚ್ಚಿಕೊಂಡ್ರು. ಪುಸ್ತಕದಲ್ಲೂ ಅದನ್ನ ಬಿಸಿ ಕುಡೀತಾರಂತೆ, ಹಾಗಾಗಿ ಶಾಸ್ತ್ರಕ್ಕೂ ಸರಿಯಾಯ್ತು. ಮೇಷ್ಟ್ರು ಮಾತ್ರ, ಇದು ಬೆಲ್ಲದ ಹಾಲಲ್ವಾ ಅಂದ್ರು. ಹೌದು, ಅದಕ್ಕೇನೀಗ?

ಕೇಕಿನದು ಇನ್ನೊಂದು ಕಥೆ. ಸಿನಿಮಾದಲ್ಲಿ ಹ್ಯಾಗ್ರಿಡ್ ಅನ್ನೋ ದೈತ್ಯ ಆ ಹುಡುಗನಿಗೆ ಗುಲಾಬಿ ಬಣ್ಣದ ಕೇಕ್ ತರ್ತಾನೆ, ಹಸಿರಲ್ಲಿ ಬರೆದಿರ್ತಾನೆ, ಕಾಗುಣಿತ ತಪ್ಪು. ಹ್ಯಾಪಿ ಕೊನೇಲಿ ಎರಡು ಇ, ಡೇ ಕೊನೇಲಿ ವೈ ಬದಲು ಇ. ಆ ತಪ್ಪೇ ಬೇಕು ಇವರಿಗೆ. ಬೇಕರಿಗೆ ಚೀಟಿ ಬರೆದು ಕೊಟ್ಟು, ಫೋಟೋ ಕಳಿಸಿ, ಇದೇ ಥರ ಬರೀಬೇಕು ಅಂತ ಮೂರು ಸಲ ಹೇಳಿ ಬಂದಿದ್ಲು. ಸಾಯಂಕಾಲ ಡಬ್ಬಿ ತೆಗೆದ್ರೆ ಅಚ್ಚುಕಟ್ಟಾದ ಅಕ್ಷರ, ಒಂದು ತಪ್ಪಿಲ್ಲ. ಹುಡುಗ ನಾಚಿಕೊಂಡು, "ಮೇಡಂ, ನೀವು ಬರೆದದ್ದರಲ್ಲಿ ಎರಡು ಸ್ಪೆಲ್ಲಿಂಗ್ ಮಿಸ್ಟೇಕ್ ಇತ್ತು, ನಾನೇ ಸರಿ ಮಾಡ್ದೆ" ಅಂದನಂತೆ. ಏನು ಹೇಳ್ತೀರಿ ಅಂಥವನಿಗೆ? ಹೆಡ್‌ಮಾಸ್ಟರಾಗಿದ್ದ ಮೇಷ್ಟ್ರು ಚಾಕು ತುದಿಯಿಂದ ಸರಿಯಾದ್ದನ್ನ ಕೆರೆದು ತಪ್ಪು ಬರೆದುಕೊಟ್ಟರು. ಮೂವತ್ತಾರು ವರ್ಷದ ಸರ್ವೀಸಲ್ಲಿ ಮೊದಲ ಸಲ ಅಂತೆ.

ಅವರದ್ದೂ ಉತ್ಸಾಹ ಏನು ಕಡಿಮೆ ಇರಲಿಲ್ಲ. ಮಾಂತ್ರಿಕರ ದುಡ್ಡಿನ ಲೆಕ್ಕ ಕೇಳಿ ಎರಡು ದಿನ ನಿದ್ದೆಗೆಟ್ಟಿದ್ರು. ಒಂದು ಗ್ಯಾಲಿಯನ್ನಿಗೆ ಹದಿನೇಳು ಸಿಕಲ್, ಒಂದು ಸಿಕಲ್ಲಿಗೆ ಇಪ್ಪತ್ತೊಂಬತ್ತು ನಟ್. "ಹದಿನೇಳೂ ಅವಿಭಾಜ್ಯ, ಇಪ್ಪತ್ತೊಂಬತ್ತೂ ಅವಿಭಾಜ್ಯ! ಒಟ್ಟು 493. ಅರ್ಧ ಮಾಡೋಕೂ ಬರಲ್ಲ, ಅಣ್ಣತಮ್ಮಂದಿರು ಪಾಲಾದ್ರೆ ಹೇಗ್ರೀ ಹಂಚೋದು?" ಅಂತ ಬೇಲಿ ಹತ್ರ ನನ್ನನ್ನ ನಿಲ್ಲಿಸಿಕೊಂಡು ಕೇಳಿದ್ರು. ನಮ್ಮ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ, 192, ಹೆಂಗೆ ಬೇಕಾದ್ರೂ ಒಡೀಬಹುದು. 1957ರಲ್ಲಿ ನಯಾಪೈಸೆ ಬಂದು ಅದು ಹೋಯ್ತು ಅಂತ ಈಗಲೂ ಅವರಿಗೆ ಬೇಜಾರು. ಕಡೆಗೆ ಅವರಪ್ಪನ ಕಾಲದ ಡಬ್ಬಿಯಿಂದ 1944ರ ತೂತಿನ ಕಾಸು ತೆಗೆದು ನಟ್ ಅಂತ ಹಂಚಿದ್ರು. ಮತ್ತೆ ಎಣಿಸಿ ವಾಪಸ್ ತಗೊಂಡ್ರು ಅನ್ನಿ.

ಶುಕ್ರವಾರ ಸಾಯಂಕಾಲ ಜಡಿ ಮಳೆ ನಿಂತು ಗಾಳಿ ಎದ್ದಿತ್ತು. ಗಾಳಿಯಲ್ಲಿ ತೇಲೋ ಹಾಗೆ ಕಾಣಲಿ ಅಂತ ಗಾಳದ ದಾರಕ್ಕೆ ಕಟ್ಟಿದ ಐವತ್ತು ಮೇಣದಬತ್ತಿ ಒಂದಕ್ಕೊಂದು ಜಡೆ ಹೆಣೆದುಕೊಂಡಿದ್ವು. ಅಳಿಯ ನಮ್ಮ ಗೇಟಿಂದ ಬಂದ, ಕೈಯಲ್ಲಿ ಹನ್ನೊಂದು ಇಂಚಿನ ಕಡ್ಡಿ, ಚೈನೀಸ್ ಹೋಟೆಲಿಂದ ತಂದ ಚಾಪ್‌ಸ್ಟಿಕ್ಕಿಗೆ ಅಂಟು ಸುತ್ತಿ ಬಣ್ಣ ಬಳಿದದ್ದು. ಇಟ್ಟಿಗೆ ಬೆಡ್‌ಶೀಟಿನ ಸೀಳಿಂದ ಪುಟ್ಟಿ ಬಂದ್ಲು, ಹಿಂದೆ ಅವಳ ತಾಯಿ, ರೇಷ್ಮೆ ಸೀರೆ, ಕೈಯಲ್ಲಿ ಬೆಟ್ಟದ ಕುಂಕುಮ. ಕರೀ ಗೌನಿನ ಹದಿನಾಲ್ಕೂ ಹಣೆಗೆ ಹಚ್ಚಿ ಆಮೇಲೇ ಕೇಕ್ ಮುಟ್ಟೋಕೆ ಬಿಟ್ಟದ್ದು. ದೀಪ ಊದಿ ಆರಿಸಬಾರದು ಅನ್ನೋದು ಅವರ ಕೊನೇ ಷರತ್ತು. ಅದಕ್ಕೂ ಮಂತ್ರ ಇದೆಯಂತೆ. ಎಲ್ಲರೂ ಕಡ್ಡಿ ಎತ್ತಿ "ನಾಕ್ಸ್" ಅಂದ್ರು, ನಮ್ಮನೆಯವರು ಒಳಗಡೆ ಮೇನ್ ಸ್ವಿಚ್ ಆಫ್ ಮಾಡಿದ್ರು. ಬೀದಿಯ ಆ ಕೊನೆಯವರು ಕರೆಂಟ್ ಹೋಯ್ತಾ ಅಂತ ಫೋನ್ ಮಾಡಿದ್ರು.

ಕತ್ತಲಲ್ಲೇ ಮೇಷ್ಟ್ರು ನನ್ನ ಕೈಗೆ ಒಂದು ಲಕೋಟೆ ತುರುಕಿದ್ರು. ನೀವೇ ಕೊಡಿ, ಗೂಬೆ ಬಾಯಲ್ಲಿತ್ತು ಅನ್ನಿ ಅಂತ. ನೋಡಿ, ಆ ಕಥೆಯಲ್ಲಿ ಹನ್ನೊಂದು ತುಂಬಿದ ಮಕ್ಕಳಿಗೆ ಮಾಂತ್ರಿಕ ಶಾಲೆಯಿಂದ ಗೂಬೆ ಕಾಗದ ತರುತ್ತೆ, ವಿಳಾಸ ಹಸಿರು ಶಾಯಿಯಲ್ಲಿ. ಇವಳು ಹನ್ನೊಂದು ತುಂಬಿದ ದಿನ ಬೆಳಗಿಂದ ಗೇಟ್ ಮೇಲೆ ಕೂತಿದ್ದು ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಬಂದದ್ದು ಎಲ್‌ಐಸಿ ನೋಟೀಸು. ಹೆಡ್‌ಮಾಸ್ಟರುಗಳ ಹತ್ರ ಹಸಿರು ಶಾಯಿಗೇನು ಬರವಾ? ಇವರ ಬಾಟ್ಲು ರಿಟೈರಾದ ಮೇಲೂ ಹಾಗೇ ಇತ್ತು. "ಪುಟ್ಟಿ, ಅಟ್ಟದ ಕೆಳಗಿನ ಕೋಣೆ, ಅಡಿಗೆಮನೆ ಪಕ್ಕ" ಅಂತ ವಿಳಾಸ. ಒಳಗೆ, ಸದರಿ ವಿದ್ಯಾರ್ಥಿನಿಯು ಪ್ರವೇಶಕ್ಕೆ ಅರ್ಹಳಾಗಿದ್ದು, ವರ್ಗಾವಣೆ ಪತ್ರ ಹಾಗೂ ಎರಡು ಭಾವಚಿತ್ರದೊಂದಿಗೆ ಹಾಜರಾಗತಕ್ಕದ್ದು, ವಿಳಂಬಕ್ಕೆ ಗೂಬೆಯೇ ಹೊಣೆ ಅಂತ. ಗೂಬೆ ಮೇಲೂ ಗೂಬೆ ಕೂರಿಸಿಬಿಟ್ರು ಮಹರಾಯರು!

ಪುಟ್ಟಿ ಮೊಬೈಲ್ ಬೆಳಕಲ್ಲಿ ಓದಿದ್ಲು. ಏಳರ ಹೊಟ್ಟೆಗೆ ಅಡ್ಡಗೀಟು ಹಾಕೋದು ಅವರಪ್ಪ ಒಬ್ಬರೇ, ತಾರೀಕು ನೋಡ್ತಿದ್ದ ಹಾಗೇ ಗೊತ್ತಾಗಿದೆ. ಟೋಪಿ ಗಂಡನ ಕೈಗೆ ಕೊಟ್ಟು ಬೆಡ್‌ಶೀಟಿನ ಆ ಕಡೆ ಹೋದವಳು ಹತ್ತು ನಿಮಿಷ ಬರಲಿಲ್ಲ. ಅವನೂ ಹಿಂದೆ ಹೋಗೋಕೆ ಹೊರಟ, ಒಂದು ಕಾಲು ಸೀಳಿನೊಳಗೆ ಇಟ್ಟೂ ಬಿಟ್ಟ. ಅತ್ತೆ ನೋಡಿದ್ರು. ನಾನು ಉಸಿರು ಬಿಗಿ ಹಿಡಿದೆ. "ಅದು ಗೋಡೆ, ಹೊಸ್ತಿಲಲ್ಲ" ಅಂದ್ರು, ಮುಖ ಆ ಕಡೆ ತಿರುಗಿಸಿಕೊಂಡು.

ಅಯ್ಯೋ, ಮಾತಾಡ್ತಾ ಮರೆತೆ. ನಾನು ಬಂದದ್ದೇ ಒಂದು ಉಂಡೆ ಹುಣಸೇಹಣ್ಣು ಕೇಳೋಕೆ, ಹಳೇದಿದ್ರೂ ಪರವಾಗಿಲ್ಲ. ಕೊಳದಪ್ಪಲೆ ಹೊರಗಡೆಯೆಲ್ಲ ಬೆಲ್ಲ ಉಕ್ಕಿ ಕಪ್ಪಾಗಿ ಕೂತಿದೆ, ಎರಡು ಸಲ ಉಜ್ಜಿದೆ, ಬಿಡ್ತಿಲ್ಲ.