ಎಕ್ಸೆಲ್ ಬೂಟಿನ ತಾತ್ವಿಕ ನೆಲೆಗಳು: ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ತಾಲ್ಲೂಕುಗಳನ್ನು ಅನುಲಕ್ಷಿಸಿ

ಪ್ರಸ್ತಾವನೆ

ಮುಂಗಾಲಿಗಳಿಂದ ಎಳೆಯಲ್ಪಡುವ ಮೋಟಾರು ವಾಹನಗಳ ಚಾಲಕದಂಡದ ಸಂಧಿಸ್ಥಾನವನ್ನು ಆವರಿಸಿಕೊಂಡಿರುವ ರಬ್ಬರಿನ ಮಡಿಕೆಚೀಲವನ್ನು ಕುರಿತು ನಮ್ಮ ಸಂಶೋಧನಾ ವಲಯವು ತಾಳಿರುವ ಮೌನವು ಕೇವಲ ಮೌನವಲ್ಲ, ಅದೊಂದು ಮೌನದ ಸಂಕಥನ. ಈ ಮೌನವನ್ನು ಮುರಿಯುವ, ಮುರಿಯುವ ಮೂಲಕ ಕಟ್ಟುವ, ಕಟ್ಟುವ ಮೂಲಕ ಮತ್ತೆ ಮುರಿಯುವ ಉದ್ದೇಶ ಪ್ರಸ್ತುತ ಪ್ರಬಂಧಕ್ಕಿದೆ. ಗ್ಯಾರೇಜಿನಲ್ಲಿ ಈ ವಸ್ತುವನ್ನು ಎಕ್ಸೆಲ್ ಬೂಟು ಎನ್ನುತ್ತಾರೆ. ಹಾಗೆಂದರೆ ಎಲ್ಲರಿಗೂ ತಿಳಿದುಬಿಡುವ ಅಪಾಯವಿರುವುದರಿಂದ ಇಲ್ಲಿ ಅದನ್ನು ‘ಸಮವೇಗ ಸಂಧಿ ಸಂರಕ್ಷಕ ಮಡಿಕೆಕೋಶ’ ಎಂದು ಕರೆದು, ಓದುಗರ ಅನುಕೂಲಕ್ಕಾಗಿ ಸ.ಸಂ.ಸಂ.ಮ. ಎಂದು ಸಂಕ್ಷೇಪಿಸಲಾಗಿದೆ.

ಅಧ್ಯಯನದ ವ್ಯಾಪ್ತಿ: ಒಂದು ಕಾರು, ಅದರ ಎಡಗಡೆಯ ಮುಂದಿನ ಗಾಲಿ. ಅಧ್ಯಯನದ ಮಿತಿ: ಬಲಗಡೆಯ ಗಾಲಿ.

ಪೂರ್ವಾಧ್ಯಯನಗಳ ಸಮೀಕ್ಷೆ

ಪ್ರಾಚೀನತೆಯನ್ನು ಸ್ಥಾಪಿಸದೆ ಕೊಪ್ಪಳದ ಬಗ್ಗೆ ಯಾವ ಪ್ರಬಂಧವನ್ನೂ ಶುರುಮಾಡುವ ಪದ್ಧತಿಯಿಲ್ಲ. ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಎರಡರಲ್ಲಿಯೂ ಕೀಲಿಗೆ ಹಚ್ಚುವ ಗ್ರೀಸಿನ ಉಲ್ಲೇಖವಿಲ್ಲ. ಉಲ್ಲೇಖವಿಲ್ಲದಿರುವುದೇ ಇಲ್ಲಿ ಗಮನಾರ್ಹ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ಕೊಪಣವನ್ನೂ ಹೆಸರಿಸುತ್ತದೆ. ಆದ್ದರಿಂದ ಕೊಪ್ಪಳದ ಗ್ಯಾರೇಜಿನಲ್ಲಿ ಪಾನಾ ಜಾರಿ ಬೆರಳಿಗೆ ಬಡಿದಾಗ ಹೊರಡುವ ಉದ್ಗಾರಗಳೂ ಶಾಸ್ತ್ರಸಮ್ಮತ ತಿರುಳ್ಗನ್ನಡವೇ ಎಂಬುದು ಪ್ರಸ್ತುತ ಸಂಶೋಧಕರ ನಿಲುವು.

ತಿರುಗುವಿಕೆಗೆ ನೇರ ಸಾಕ್ಷ್ಯ ಸಿಗುವುದು ಇದೇ ಜಿಲ್ಲೆಯ ಇಟಗಿಯಲ್ಲಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದ ಮಹಾದೇವ ದೇಗುಲದ ಕಂಬಗಳು ತಿರುಗಣೆಯಲ್ಲಿ ಕಡೆದವು. ಅಂಚುಗಳು ಇಂದಿಗೂ ಕೂದಲೆಳೆಯಷ್ಟು ಸಪೂರ. ಅಷ್ಟು ಭಾರದ ಕಲ್ಲನ್ನು ಅಲುಗದಂತೆ, ಒಂದೇ ಹದದಲ್ಲಿ ತಿರುಗಿಸಬಲ್ಲವರಿದ್ದ ನೆಲದಲ್ಲಿ ಈಗ ಒಂದು ಕಾರಿನ ಗಾಲಿ ನೆಟ್ಟಗೆ ತಿರುಗುವುದಿಲ್ಲ. (ಈ ವಾಕ್ಯದಲ್ಲಿ ಭಾವಾವೇಶ ಕಾಣಿಸಿಕೊಂಡಿದ್ದು, ಮಾರ್ಗದರ್ಶಕರ ಸೂಚನೆಯ ಮೇರೆಗೆ ಮುಂದಿನ ಆವೃತ್ತಿಯಲ್ಲಿ ತೆಗೆಯಲಾಗುವುದು.)

ಯಾಂತ್ರಿಕ ನೆಲೆ

ಮುಂದಿನ ಗಾಲಿಗೆ ಎರಡು ಕೆಲಸ. ಎಂಜಿನ್ನಿನ ತಿರುವನ್ನು ನೆಲಕ್ಕೆ ಮುಟ್ಟಿಸಬೇಕು, ಜೊತೆಗೆ ಎಡಬಲ ಹೊರಳಬೇಕು. ಲಾರಿಯ ಶಾಫ್ಟಿನಲ್ಲಿರುವ ಕ್ರಾಸ್ ಜಾಯಿಂಟನ್ನೇ ಇಲ್ಲಿ ಹಾಕಿದರೆ, 30 ಡಿಗ್ರಿ ಬಾಗಿದಾಗ, ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಗಾಲಿಯ ವೇಗ ಸುತ್ತಿಗೆ ಎರಡು ಸಲ ಸುಮಾರು ಶೇ. 15ರಷ್ಟು ಏರಿ ಶೇ. 13ರಷ್ಟು ಇಳಿಯುತ್ತದೆ. ಗಾಡಿ ಜಗ್ಗಾಡುತ್ತದೆ. 1926ರಲ್ಲಿ ಆಲ್‌ಫ್ರೆಡ್ ಶೆಪ್ಪಾ ಎಂಬ ಎಂಜಿನಿಯರು ಇದಕ್ಕೊಂದು ಉಪಾಯ ಕಂಡುಕೊಂಡ: ಹೊರಗೊಂದು ಉಕ್ಕಿನ ಬಟ್ಟಲು, ಒಳಗೊಂದು ಗುಂಡಗಿನ ತುಂಡು, ಎರಡರಲ್ಲೂ ತೋಡುಗಳು, ನಡುವೆ ಪಂಜರದಲ್ಲಿ ಕೂತ ಆರು ಗೋಲಿಗಳು. ಜಾಯಿಂಟ್ ಎಷ್ಟು ಬಾಗಿದರೂ ಗೋಲಿಗಳು ಆ ಕೋನವನ್ನು ಸರಿಯಾಗಿ ಅರ್ಧಕ್ಕೆ ಸೀಳುವ ಸಮತಲದಲ್ಲೇ ನಿಲ್ಲುತ್ತವೆ. ಹೀಗಾಗಿ ಒಳಗೆ ಬಂದ ವೇಗವೇ ಹೊರಗೆ ಹೋಗುತ್ತದೆ. 1959ರ ಮಿನಿ ಕಾರು ಈ ಬಗೆಯ ಜಾಯಿಂಟನ್ನು ಸಣ್ಣ ಗಾಡಿಗಳಿಗೆ ಇಳಿಸಿತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿಗಳು ಹಿಂದಿನ ಗಾಲಿಯಿಂದ ನೂಕಿಸಿಕೊಂಡೇ ಓಡಾಡುತ್ತಿದ್ದಾಗ, 1983ರ ಡಿಸೆಂಬರ್ 14ರಂದು ಮುಂದಿನ ಗಾಲಿಯೇ ಎಳೆಯುವ ಮಾರುತಿ 800ರ ಮೊದಲ ಕೀಲಿಕೈ ಗಿರಾಕಿಯ ಕೈ ಸೇರಿತು. ಮಿಸ್ತ್ರಿಗಳ ಬಾಯಲ್ಲಿ ‘ಬೂಟು’ ದಿನದ ಮಾತಾದದ್ದು ಆಮೇಲೆ.

ಗೋಲಿಗಳ ಈ ಆಟವೆಲ್ಲ ನಡೆಯುವುದು ಕಪ್ಪು ಗ್ರೀಸಿನೊಳಗೆ. ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತಿರುವುದರಿಂದ ಆ ಕಪ್ಪು. ಗ್ರೀಸು ಒಳಗಿರಲಿ, ಮಣ್ಣು ಹೊರಗಿರಲಿ ಎಂದು ತೊಡಿಸಿದ ಮಡಿಕೆ ರಬ್ಬರೇ ನಮ್ಮ ಸ.ಸಂ.ಸಂ.ಮ. ಅದು ಸೀಳಿತೆಂದರೆ ತಿರುಗುವ ರಭಸಕ್ಕೆ ಗ್ರೀಸು ರಿಮ್ಮಿನ ಒಳಮೈಗೆ ಸಿಡಿಯುತ್ತದೆ, ತೆರವಾದ ಜಾಗಕ್ಕೆ ಮಣ್ಣು ಬಂದು ಕೂರುತ್ತದೆ, ಗೋಲಿ ಓಡಾಡುವ ತೋಡು ಸವೆಯುತ್ತದೆ. ಒಂದು ದಿನ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಳುವಾಗ ಕಟ್ ಕಟ್ ಕಟ್ ಎಂದು ಕೇಳುತ್ತದೆ. ಕೆಲವು ನೂರು ರೂಪಾಯಿಯ ಮಾತು ಅಲ್ಲಿಗೆ ಮುಗಿದು ಸಾವಿರಗಳ ಮಾತು ಶುರುವಾಯಿತು ಎಂದರ್ಥ.

ವರ್ಗೀಕರಣ

ಪ್ರಸ್ತುತ ಸಂಶೋಧಕರು ಸ.ಸಂ.ಸಂ.ಮ.ವನ್ನು ತಾಲ್ಲೂಕುವಾರು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ.

ಒಂದು, ಗಂಗಾವತಿ ವರ್ಗ ಅಥವಾ ಜಲಮೂಲ ವಿಘಟನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ನಾಟಿಯ ದಿನಗಳಲ್ಲಿ ಕಬ್ಬಿಣದ ಗಾಲಿಯ ಟ್ರ್ಯಾಕ್ಟರುಗಳು ಗದ್ದೆಯಿಂದೆದ್ದು ರಸ್ತೆಗೆ ತರುವ ಕೆಸರು. ಬೂಟಿನ ಮಡಿಕೆಯೊಳಗೆ ಆ ಕೆಸರು ಕೂತು ಒಣಗಿ, ಮಡಿಕೆ ಮಡಚಲು ಹೋದಾಗಲೆಲ್ಲ ರಬ್ಬರನ್ನು ಉಜ್ಜುತ್ತದೆ. ಎರಡು, ಯಲಬುರ್ಗಾ ವರ್ಗ ಅಥವಾ ಕೃಷ್ಣಮೃತ್ತಿಕಾ ವಿಘಟನೆ. ಎರಿ ಮಣ್ಣು ಮಳೆಯಲ್ಲಿ ಅಂಟು, ಬಿಸಿಲಲ್ಲಿ ಹೆಂಟೆ. ಮೂರು, ಕುಷ್ಟಗಿ ವರ್ಗ. ಇಲ್ಲಿ ಕಲ್ಲು, ಜಾಲಿಮುಳ್ಳು, ಬೇಸಿಗೆಯ ಕಾವಿಗೆ ಬಿರುಸಾಗಿ ಮಡಿಕೆಯ ತಳದಲ್ಲಿ ಗೆರೆಗೆರೆಯಾಗಿ ಬಿರಿಯುವ ರಬ್ಬರು. ನಾಲ್ಕು, ಕೊಪ್ಪಳ ವರ್ಗ: ಗಿಣಿಗೇರಿ ಕಡೆಯ ಕಾರ್ಖಾನೆಗಳ ಅದಿರಿನ ಲಾರಿಗಳು ಅರೆದ ರಸ್ತೆ ಮತ್ತು ಆ ರಸ್ತೆಯ ಕರಿಧೂಳು.

ಈ ವರ್ಗೀಕರಣದಲ್ಲಿ ಒಂದು ತೊಡಕಿದೆ. 1997ರಲ್ಲಿ ಜಿಲ್ಲೆ ರಾಯಚೂರಿನಿಂದ ಬೇರೆಯಾದಾಗ ತಾಲ್ಲೂಕು ನಾಲ್ಕೇ ಇದ್ದವು. ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳಾಗಿವೆ. ಅಷ್ಟೇ ಅಲ್ಲದೆ ಒಂದೇ ಕಾರು ಮುಂಜಾನೆ ಗಂಗಾವತಿಯ ಅಕ್ಕಿ ಗಿರಣಿಗೆ ಹೋಗಿ, ಮಧ್ಯಾಹ್ನ ಕುಷ್ಟಗಿಯ ಮದುವೆಯಲ್ಲಿ ಉಂಡು, ಸಂಜೆ ಯಲಬುರ್ಗಾದಲ್ಲಿ ಹೆಣ್ಣು ನೋಡಿ ಬರುತ್ತದೆ. ಆ ಬೂಟು ಯಾವ ವರ್ಗದ್ದು? ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಸ.ಸಂ.ಸಂ.ಮ. ಎಂದು ಬರೆದು ಬರೆದು ಬೆರಳು ನೋಯುತ್ತಿದೆ, ಅದನ್ನೂ ಬಿಟ್ಟೆ.

ಒಂದು ವಿಷಯಾಂತರ

ಈ ಭಾಷೆ ನನಗೆ ಎಲ್ಲಿಂದ ಅಂಟಿತು ಎಂದು ಹೇಳಿಬಿಡುತ್ತೇನೆ. ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ವಿಷಯ, ಗ್ರಾಮೀಣ ರಸ್ತೆಗಳ ಸಾಂಸ್ಕೃತಿಕ ಆಯಾಮಗಳು. ಉದ್ಘಾಟನೆ, ಸಸಿಗೆ ನೀರು, ಶಾಲು, ಹಾರ, ಫೋಟೋ ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಊಟದ ಮೇಲೆ ಒಬ್ಬ ವಿದ್ವಾಂಸರು ಎದ್ದು ನಿಂತು, ರಸ್ತೆಯ ಗುಂಡಿಯನ್ನು ಕೊರತೆಯೆಂದು ಓದುವುದೇ ವಸಾಹತುಶಾಹಿ ನೋಟ, ಅದನ್ನು ಒಂದು ‘ಅನುಸಂಧಾನದ ಅವಕಾಶ’ವಾಗಿ ನೋಡಬೇಕು ಎಂಬರ್ಥದಲ್ಲಿ ಬಹಳ ಹೊತ್ತು ಮಾತಾಡಿದರು. ಚಪ್ಪಾಳೆ ಬಿತ್ತು. ಪ್ರಮಾಣಪತ್ರ ಹಂಚಿದರು. ನಾನು ಹೊರಗೆ ಬಂದು ನೋಡಿದರೆ ಎಡಗಡೆಯ ರಿಮ್ಮಿನ ಒಳಗೆಲ್ಲ ಕಪ್ಪು ಗ್ರೀಸು. ಹೆದ್ದಾರಿಯಿಂದ ಇಳಿದು ಆ ಕಾಲೇಜಿಗೆ ಬರುವ ರಸ್ತೆಯಲ್ಲೇ ಅನುಸಂಧಾನ ಆಗಿಹೋಗಿತ್ತು.

ನನ್ನದು ಬಿಡಿ, ರಬ್ಬರು. ಅದೇ ರಸ್ತೆಯಲ್ಲಿ ಬೆಳಗಿನ ಜಾವ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಟಂಟಂನಲ್ಲಿ ತುಂಬಿಕೊಂಡು ಹೋಗುವ ಹೆಣ್ಣುಮಕ್ಕಳಿದ್ದಾರೆ. ಬಾಗಿಲಲ್ಲಿ ಕೂತವಳ ಒಂದು ಕಾಲು ಹೊರಗೇ ಇರುತ್ತದೆ. ಹೆರಿಗೆ ನೋವು ಬಂದವಳನ್ನು ಇದೇ ರಸ್ತೆಯಲ್ಲಿ ತಾಲ್ಲೂಕಿಗೆ ಒಯ್ಯಬೇಕು. ಗುಂಡಿ ತಪ್ಪಿಸಲು ಬೈಕು ಬಲಕ್ಕೆ ಹೊರಳಿಸಿ ಲಾರಿಗೆ ಸಿಕ್ಕವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಮಳೆಗಾಲ ಮುಗಿದ ಮೇಲೆ ಗುಂಡಿಗೆ ಗರಸು ಸುರಿಯುತ್ತಾರೆ, ಮುಂದಿನ ಮಳೆಗೆ ಗರಸು ಹೋಗುತ್ತದೆ, ಬಿಲ್ಲು ಮಾತ್ರ ಉಳಿಯುತ್ತದೆ. ಇದರಲ್ಲಿ ಏನು ಆಯಾಮ, ಯಾವ ನೆಲೆ? ಗುಂಡಿ ಗುಂಡಿಯೇ. ಅದನ್ನು ಮುಚ್ಚಿಸಿ ಎಂದು ಒಂದು ಸಾಲಿನ ಅರ್ಜಿ ಬರೆಯಬಲ್ಲ ಅಷ್ಟೊಂದು ಜನ ಓದಿದವರು ಒಂದೇ ಸಭಾಂಗಣದಲ್ಲಿ ಕೂತಿದ್ದರು.

ಅವರನ್ನು ಪೂರ್ತಿ ಬೈಯಲೂ ಮನಸ್ಸಾಗುವುದಿಲ್ಲ. 2010ರ ಯುಜಿಸಿ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಎಪಿಐ ಅಂಕಗಳನ್ನು ಗಂಟುಹಾಕಿದ ಮೇಲೆ ಪ್ರಬಂಧವೆಂದರೆ ಅಂಕ, ಅಂಕವೆಂದರೆ ಸಂಬಳ ಎಂದಾಯಿತು. ಕಾಸು ತೆಗೆದುಕೊಂಡು ಅಚ್ಚು ಹಾಕುವ ನಿಯತಕಾಲಿಕೆಗಳು ನಾಯಿಕೊಡೆಯ ಹಾಗೆ ಎದ್ದವು. ಹೇಳಲು ಏನೂ ಇಲ್ಲದಿದ್ದರೂ ಹೇಳಲೇಬೇಕಾದವನು ಉದ್ದುದ್ದ ಹೇಳುತ್ತಾನೆ, ಅಷ್ಟೆ.

ಕ್ಷೇತ್ರಕಾರ್ಯ

ಮಾಹಿತಿದಾತರು: ಒಬ್ಬರು. ಗ್ಯಾರೇಜಿನ ಚಾಚಾ. ವಯಸ್ಸು ಕೇಳಿದ್ದಕ್ಕೆ ಕೊಟ್ಟ ಉತ್ತರ, “ಅಂಬಾಸಿಡರ್ ಕಾಲದಾಂವ್ರಿ ಸರ.” ವಿದ್ಯಾರ್ಹತೆಯ ಕಲಂ ಖಾಲಿ ಬಿಡಲಾಗಿದೆ.

ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಬೂಟು ಒಂದೇ ಹಾಕುವುದಿಲ್ಲ, ಎಕ್ಸೆಲ್ ಅಸೆಂಬ್ಲಿಯನ್ನೇ ಬದಲಿಸಬೇಕು ಎಂದಿದ್ದರು. ಚಾಚಾ ಗಾಲಿಯ ಹಿಂದೆ ಕೈಹಾಕಿ ಶಾಫ್ಟನ್ನು ಅತ್ತಿತ್ತ ತಿರುವಿ ನೋಡಿ, “ಜಾಯಿಂಟಿಗೆ ಏನೂ ಆಗಿಲ್ರಿ. ಬೂಟ್ ಹರದೈತಿ, ಬೂಟ್ ಹಾಕ್ರಿ. ಮನ್ಯಾಗ ಹಾಕ್ತೀನಂತೀರಿ, ಹಾಕ್ರಿ, ನಾ ಬಂದ್ ನಿಂದರತೀನಿ” ಎಂದ.

ಹಬ್ಬಿನ ನಟ್ಟಿನ ಅಂಚನ್ನು ಶಾಫ್ಟಿನ ತೋಡಿಗೆ ಒತ್ತಿ ಕೂರಿಸಿರುತ್ತಾರೆ. ಸಣ್ಣ ಉಳಿಯಿಂದ ಆ ಒತ್ತನ್ನು ಎಬ್ಬಿಸಬೇಕು. ನಾನು ಜಾಕ್ ಹಚ್ಚಲು ಬಗ್ಗಿದೆ. “ಜಾಕ್ ಬ್ಯಾಡ್ರಿ ಈಗ! ಗಾಲಿ ನೆಲಕ್ಕಿದ್ದಾಗನ ನಟ್ಟ ಸಡ್ಲ ಮಾಡ್ರಿ. ಮ್ಯಾಲೆತ್ತಿ ಜಗ್ಗಿದ್ರ ಗಾಡಿ ಜಾಕ್ ಬಿಟ್ಟು ಬೀಳತೈತಿ.” ಪಕ್ಕದ ಮನೆಯ ಹುಡುಗ ಒಳಗೆ ಕೂತು ಬ್ರೇಕ್ ತುಳಿದ. ಗೋಟಿ ಪಾನಾದ ಹಿಡಿಕೆಗೆ ನೀರಿನ ಪೈಪಿನ ತುಂಡು ತೂರಿಸಿ ಮೈಭಾರ ಬಿಟ್ಟಾಗ ನಟ್ಟು ಟಣ್ ಎಂದು ಬಿಟ್ಟಿತು. ಆಮೇಲೆ ಜಾಕ್. ಬಿಚ್ಚಿದ ಗಾಲಿಯನ್ನು ಚಾಚಾ ಕಾಲಿನಿಂದ ಗಾಡಿಯ ಅಡಿಗೆ ನೂಕಿದ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರಲಿ ಎಂದು.

ಗೇರ್ ಆಯಿಲ್ ಇಳಿಸಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ಎಳೆದು ಶಾಫ್ಟನ್ನು ಜಾರಿಸಬೇಕು. ಇನ್ನೊಂದು ತುದಿಯನ್ನು ಗೇರ್ ಬಾಕ್ಸಿನಿಂದ ಸಲಾಕೆಯಲ್ಲಿ ಮೀಟಬೇಕು. ಇದು ಹೇಳಿದಷ್ಟು ಸಲೀಸಲ್ಲ, ಆದರೆ ವಿವರಿಸುವಂಥದ್ದೂ ಏನಿಲ್ಲ. ಕಣ್ಣಿಟ್ಟು ನೋಡಬೇಕಾದದ್ದು ಮುಂದೆ. ಕೆಲವು ಗಾಡಿಗಳಲ್ಲಿ ಗಾಲಿ ಕಡೆಯ ಜಾಯಿಂಟನ್ನು ಸುತ್ತಿಗೆಯಿಂದ ತಟ್ಟಿ ಕಳಚಬಹುದು. ನನ್ನದರಲ್ಲಿ ಅದನ್ನು ಬಿಚ್ಚುವಂತಿಲ್ಲ. ಗೇರ್ ಬಾಕ್ಸ್ ಕಡೆಯ ಮೂರು ಕಾಲಿನ ಜಾಯಿಂಟನ್ನು ತೆಗೆದು, ಆ ಕಡೆಯಿಂದಲೇ ಎರಡೂ ತುದಿಯ ಬೂಟು ಕಳಚಿ, ಆ ಕಡೆಯಿಂದಲೇ ಹೊಸದನ್ನು ತೂರಿಸಬೇಕು. ತೆಗೆಯುವ ಮೊದಲು ಶಾಫ್ಟಿಗೂ ಜಾಯಿಂಟಿಗೂ ಸೇರಿಸಿ ಚಾಚಾ ಸುಣ್ಣದಲ್ಲಿ ಒಂದು ಗೆರೆ ಎಳೆದ, ಹೇಗಿತ್ತೋ ಹಾಗೇ ಕೂರಿಸಲು. ಹಳೆಯ ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿ, ಕಣ್ಣು ಮುಚ್ಚಿದ. “ಉಸುಕು ಇನ್ನಾ ಒಳಗ ಹೋಗಿಲ್ರಿ.” ನಾನೂ ತಿಕ್ಕಿದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ.

ಹೊಸ ಬೂಟಿನ ಡಬ್ಬಿಯಲ್ಲಿ ಬಂದ ಗ್ರೀಸನ್ನು ಗೋಲಿಗಳ ಸಂದಿಗೆ ಹೆಬ್ಬೆರಳಿನಿಂದ ಒತ್ತೊತ್ತಿ ತುಂಬಿ, ಉಳಿದದ್ದನ್ನು ಬೂಟಿನೊಳಗೆ ಹಾಕಿದ್ದಾಯಿತು. ಪಟ್ಟಿ ಬಿಗಿಯುವ ಮುನ್ನ ಚಾಚಾ ಸಪೂರ ಸ್ಕ್ರೂಡ್ರೈವರನ್ನು ಬೂಟಿನ ಬಾಯೊಳಗೆ ತೂರಿಸಿದ. ಪುಸ್ ಎಂದು ಗಾಳಿ ಹೊರಬಂತು, ಒಳಸೇದಿಕೊಂಡಿದ್ದ ಮಡಿಕೆಗಳು ನೆಟ್ಟಗಾದವು. ಹಾಗೆ ಮಾಡದಿದ್ದರೆ ಮಡಿಕೆ ಮಡಿಕೆಗೆ ಉಜ್ಜಿ ಹೊಸ ಬೂಟೂ ಬೇಗ ಹರಿಯುತ್ತದಂತೆ.

ಇದನ್ನು ಯಾರಾದರೂ ಬರೆದಿಟ್ಟಿದ್ದಾರಾ ಚಾಚಾ ಎಂದು ಕೇಳಿದೆ. “ಬರಿಯೂದೇನ್ರಿ ಇದರಾಗ, ಮಾಡೂದ ಐತಿ” ಎಂದ. ಅವನ ಕೈಕೆಳಗೆ ಕಲಿತ ಹುಡುಗರು ಬೆಂಗಳೂರು, ಪುಣೆ ಸೇರಿದ್ದಾರೆ; ಅಲ್ಲಿ ಹಳೆಯದನ್ನು ಕಿತ್ತು ಡಬ್ಬಿಯಿಂದ ಹೊಸದನ್ನು ತೆಗೆದು ಹಾಕುವುದೇ ಕೆಲಸ, ಬೆರಳಿಂದ ತಿಕ್ಕಿ ನೋಡುವ ಪ್ರಸಂಗವೇ ಇಲ್ಲ. ಕೊಪ್ಪಳದ ಮೇಲೆ ಎಷ್ಟೋ ಪ್ರಬಂಧಗಳು ಬಂದಿವೆ, ಬರಲಿ. ಆದರೆ ಆ ಹೆಬ್ಬೆರಳಿಗೆ ಗೊತ್ತಿರುವುದನ್ನು ಕೇಳಿ ತಿಳಿದು ನೆಟ್ಟಗಿನ ಕನ್ನಡದಲ್ಲಿ ನಾಲ್ಕು ಪುಟ ಬರೆಯೋಣ ಅಂತ ಆ ಗ್ಯಾರೇಜಿನ ಮುಂದೆ ಯಾರೂ ಸ್ಕೂಟರ್ ನಿಲ್ಲಿಸಿಲ್ಲ. ಚಾಚಾನಿಗೆ ಈಗ ಹತ್ತಿರದ್ದು ಕಾಣುವುದಿಲ್ಲ. ಜಾಯಿಂಟ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಕೂರಿಸುವಾಗ ನನ್ನ ಕೈಗೆ ಕೊಟ್ಟು, ಸದ್ದು ಕೇಳಿ “ಕುಂತತ್ರಿ” ಎಂದ.

ಮುಂದಿನ ಅಧ್ಯಯನದ ಸಾಧ್ಯತೆಗಳು

ಬಲಗಡೆಯ ಬೂಟೂ ಹರಿದ ಎಡಗಡೆಯದರ ವಯಸ್ಸಿನದೇ. ಸ್ಟೀರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ, ಬ್ಯಾಟರಿ ಹಿಡಿದು, ಮಡಿಕೆಗಳನ್ನು ಬೆರಳಿಂದ ಬಿಡಿಸಿ ನೋಡಿದಾಗ ತಳದಲ್ಲಿ ಬಿರುಕು ಕಂಡಿದೆ. ಮಳೆಗಾಲಕ್ಕೆ ಮುಂಚೆ ಅದನ್ನೂ ಬಿಚ್ಚಬೇಕು. ಬ್ರೇಕ್ ತುಳಿಯುತ್ತಿದ್ದ ಹುಡುಗನಿಗೆ ಪರೀಕ್ಷೆ ಇರುವುದರಿಂದ ಆ ಸ್ಥಾನಕ್ಕೆ ಅನುಸಂಧಾನದ ವಿದ್ವಾಂಸರನ್ನೇ ಆಹ್ವಾನಿಸಲಾಗಿದೆ. ನಟ್ಟು ಬಿಡುವತನಕ ಕಾಲು ತೆಗೆಯುವಂತಿಲ್ಲ, ಮಾತಾಡುವಂತಿಲ್ಲ. ಭಾಗವಹಿಸಿದ್ದಕ್ಕೆ ಪ್ರಮಾಣಪತ್ರ ಕೊಡಲಾಗುವುದು. ಟಿಎ, ಡಿಎ ಇಲ್ಲ.