ಗಿರಿಪಾದೀಯ ಸುಸ್ಥಿರತಾ ಸಂಕಥನ: ನೆಲೆ, ಹಿನ್ನೆಲೆ ಮತ್ತು ಬೆಲೆ

ಪ್ರಸ್ತಾವನೆ

ಆಧುನಿಕೋತ್ತರ ಬಹುಸಾಂಸ್ಕೃತಿಕ ಸಂದರ್ಭದಲ್ಲಿ ಮನುಷ್ಯ ಮತ್ತು ನಿಸರ್ಗದ ಅಂತಃಸಂಬಂಧಗಳನ್ನು ಗಿರಿಪಾದದ ನೆಲೆಯಿಂದ ಮರುಚಿಂತನೆಗೆ ಒಡ್ಡುವ, ಒಡ್ಡುತ್ತಲೇ ಮುರಿದು ಕಟ್ಟುವ, ಕಟ್ಟುತ್ತಲೇ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವ ತುರ್ತು ಇಂದು ಹಿಂದೆಂದಿಗಿಂತ ಹೆಚ್ಚಾಗಿದೆ.

ಈ ವಾಕ್ಯಕ್ಕೆ ಅರ್ಥವಿಲ್ಲ. ಕನ್ನಡ ಅಧ್ಯಾಪಕನಾಗಿದ್ದಾಗ ವಿಚಾರ ಸಂಕಿರಣಗಳಲ್ಲಿ ಮಧ್ಯಾಹ್ನದ ಊಟದ ಗಂಟೆಯವರೆಗೆ ಕೂತು ಕೇಳಿದ ಪ್ರಬಂಧಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ನಿವೃತ್ತನಾಗಿ ಇವುಗಳಿಂದ ಪಾರಾದೆ ಎಂದುಕೊಂಡು ಅಮೆರಿಕದ ಕೊಲೊರಾಡೊ ರಾಜ್ಯದ ಬೋಲ್ಡರ್ ಊರಿಗೆ, ಮಗನ ಮನೆಗೆ ಬಂದರೆ, ಇಲ್ಲಿ ಕಸದ ಡಬ್ಬಿಯೂ ಅದೇ ಧಾಟಿಯಲ್ಲಿ ಮಾತಾಡುತ್ತದೆ. ಆದ್ದರಿಂದ ಈ ಸಂಶೋಧನೆ.

ಅಧ್ಯಯನದ ವ್ಯಾಪ್ತಿ: ಬೋಲ್ಡರಿನ ದಕ್ಷಿಣಕ್ಕಿರುವ ಟೇಬಲ್ ಮೇಸಾ ಬಡಾವಣೆ. ಅಧ್ಯಯನದ ಮಿತಿ: ಮಂಡಿನೋವು. ಪೂರ್ವಾಧ್ಯಯನಗಳ ಸಮೀಕ್ಷೆ: ಮಾಡಿಲ್ಲ, ಮಾಡಿದವರು ಯಾರೂ ನನ್ನದನ್ನು ಓದುವುದಿಲ್ಲ.

ಅಧ್ಯಾಯ ಒಂದು: ನಿಷೇಧಾತ್ಮಕ ಭೂಮೀಮಾಂಸೆ

ರಾಕಿ ಪರ್ವತಗಳು ಇಲ್ಲಿ ಮುನ್ಸೂಚನೆಯಿಲ್ಲದೆ ಬಯಲಿನಿಂದ ಎದ್ದುಬಿಡುತ್ತವೆ. ಫ್ಲಾಟ್‌ಐರನ್ಸ್ ಎಂದು ಕರೆಯುವ ಕೆಂಪು ಮರಳುಗಲ್ಲಿನ ಭಾರೀ ಹಾಸುಬಂಡೆಗಳು ಬೆಟ್ಟಕ್ಕೆ ಓರೆಯಾಗಿ ಒರಗಿ ನಿಂತಿವೆ. ಮಗನ ಅಡುಗೆಮನೆಯ ಸಿಂಕಿನ ಮುಂದೆ ನಿಂತರೆ ಎದುರಿಗೆ ಅವೇ. ಪಾತ್ರೆ ತೊಳೆಯುವವರಿಗೆ ಇಷ್ಟು ಒಳ್ಳೆಯ ನೋಟ ಕೊಟ್ಟ ಊರನ್ನು ನಾನು ಬೇರೆ ಕಂಡಿಲ್ಲ.

1959ರಲ್ಲಿ ಊರಿನವರು ಮತ ಹಾಕಿ, ಸಮುದ್ರಮಟ್ಟದಿಂದ 5,750 ಅಡಿಗಿಂತ ಮೇಲಿನ ಜಾಗಕ್ಕೆ ನಗರದ ನೀರು ಕೊಡಕೂಡದು ಎಂದು ಕಟ್ಟಳೆ ಮಾಡಿದರು. ಬ್ಲೂ ಲೈನ್ ಎಂದು ಅದರ ಹೆಸರು. ನಲ್ಲಿ ಹೋಗದ ಕಡೆ ಮನೆ ಏಳಲಿಲ್ಲ, ಬೆಟ್ಟ ಉಳಿಯಿತು. ಚಾಮುಂಡಿ ಬೆಟ್ಟದ ಬುಡಕ್ಕೆ ಸೈಟುಗಳು ತೆವಳಿಕೊಂಡು ಬಂದದ್ದನ್ನು ಕಣ್ಣಾರೆ ಕಂಡವನಾಗಿ ಹೇಳುತ್ತೇನೆ, ಇದು ದೊಡ್ಡ ಕೆಲಸ. ಇದನ್ನು ಅಣಕಿಸಲು ನನಗೆ ನಾಲಿಗೆ ಬರುವುದಿಲ್ಲ. ಎರಡೇ ವರ್ಷಕ್ಕೆ ಅದೇ ಜನ ಮತ್ತೆ ಮತ ಹಾಕಿ, ವಾಯುಮಂಡಲ ಸಂಶೋಧನೆಯ ರಾಷ್ಟ್ರೀಯ ಕೇಂದ್ರವೊಂದಕ್ಕೆ ಮಾತ್ರ ರೇಖೆಯ ಮೇಲೆ ನೀರು ಬಿಟ್ಟರು. ಐ.ಎಂ. ಪೇ ಎಂಬ ವಾಸ್ತುಶಿಲ್ಪಿ ಅದನ್ನು ಬಂಡೆಯ ಬಣ್ಣದಲ್ಲೇ ಕಟ್ಟಿಸಿದರು. ಅದರ ಕೆಳಗಿನ ಇಳಿಜಾರಿನಲ್ಲಿ ನಮ್ಮ ಬಡಾವಣೆ ಹಬ್ಬಿತು.

1967ರಲ್ಲಿ ಊರಿನವರು ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹೇರಿಕೊಂಡು ಸುತ್ತಲಿನ ಬಯಲನ್ನು ಕೊಳ್ಳತೊಡಗಿದರು. ಈಗ ಅದು 45,000 ಎಕರೆ ದಾಟಿದೆ. 1971ರಿಂದ ಯಾವ ಕಟ್ಟಡವೂ 55 ಅಡಿ ಮೀರುವಂತಿಲ್ಲ. 1976ರಲ್ಲಿ ವಸತಿಯ ಬೆಳವಣಿಗೆಯನ್ನು ವರ್ಷಕ್ಕೆ ಶೇಕಡಾ 2ರ ಆಸುಪಾಸಿಗೆ ಕಟ್ಟಿಹಾಕಿದರು. ಗುಡ್ಡ ಹತ್ತುವಂತಿಲ್ಲ, ಬಯಲಿಗೆ ಇಳಿಯುವಂತಿಲ್ಲ, ಆಕಾಶಕ್ಕೆ ಏಳುವಂತಿಲ್ಲ, 2023ರವರೆಗೆ ಅವಸರ ಮಾಡುವಂತೆಯೂ ಇರಲಿಲ್ಲ. ಬೆಳೆಯಲು ಬಿಟ್ಟದ್ದು ಬೆಲೆಯೊಂದನ್ನೇ. ಅರುವತ್ತರ ದಶಕದಲ್ಲಿ ಮೇಷ್ಟರುಗಳು ಕೊಂಡ ಮೂರು ಕೋಣೆಯ ಮನೆ ಇಂದು ಹತ್ತು ಲಕ್ಷ ಡಾಲರಿಗೂ ಮೇಲೆ. ಮೇಷ್ಟರಾಗಿದ್ದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅಧ್ಯಾಯ ಎರಡು: ಪಾತ್ರತ್ರಯ ವಿಚಾರ

ಪ್ರತಿ ಮನೆಯ ಪಕ್ಕದಲ್ಲೂ ಮೂರು ಡಬ್ಬಿಗಳಿರುತ್ತವೆ. ಕೊಳೆತು ಗೊಬ್ಬರವಾಗುವುದು ಸಾತ್ವಿಕ. ಮರುಬಳಕೆಯ ಆಸೆ ಬಿಡದೆ ಹುಟ್ಟುಸಾವಿನ ಚಕ್ರದಲ್ಲಿ ತಿರುಗುವ ಗಾಜು, ತಗಡು, ರಟ್ಟು ರಾಜಸ. ಉಳಿದದ್ದು ತಾಮಸ, ಅದರ ಡಬ್ಬಿ ದೊಡ್ಡದಾದಷ್ಟೂ ಕಟ್ಟುವ ಹಣ ಹೆಚ್ಚು, ನೆರೆಯವರ ದೃಷ್ಟಿಯಲ್ಲಿ ಮಾನ ಕಡಿಮೆ.

ಈ ಗುಣಗಳು ನಿತ್ಯವಲ್ಲ. ಕಾಂಪೋಸ್ಟ್ ಆಗುತ್ತದೆ ಎಂದು ಮೈಮೇಲೆ ಬರೆಸಿಕೊಂಡೇ ಹುಟ್ಟಿದ ತಟ್ಟೆ, ಲೋಟ, ಚಮಚಗಳು ವರ್ಷಗಟ್ಟಲೆ ಸಾತ್ವಿಕವಾಗಿದ್ದವು. ಗೊಬ್ಬರದಲ್ಲಿ ಪ್ಲಾಸ್ಟಿಕ್ಕು ಗಾಜು ಬೆರೆತು ಕೊಳ್ಳುವವರೇ ಇಲ್ಲದಂತಾಗಿ, 2023ರ ಏಪ್ರಿಲ್‌ನಲ್ಲಿ ಅವು ಒಂದೇ ದಿನ ಪದಚ್ಯುತವಾದವು. ಕೈ ಒರೆಸಿದ ಕಾಗದವೂ ತಾಮಸಕ್ಕೆ ಬಿತ್ತು. ಆಹಾರದ ಉಳಿಕೆ, ತೋಟದ ಕಸ, ಇಷ್ಟಕ್ಕೇ ಸಾತ್ವಿಕ ಪದವಿ.

ಯುಗಾದಿಗೆ ಸೊಸೆ ಇಂಡಿಯನ್ ಅಂಗಡಿಯಿಂದ ಬಾಳೆಎಲೆ ತಂದಳು. ಊಟವಾಯಿತು. ಎಲೆ ಎತ್ತಬೇಕು. ಆಗ ಎದ್ದಿತು ಈ ಪ್ರಬಂಧದ ಕೇಂದ್ರ ಪ್ರಮೇಯ: ಬಾಳೆಎಲೆ ಆಹಾರದ ಉಳಿಕೆಯೋ, ತೋಟದ ಕಸವೋ, ತಟ್ಟೆಯೋ? ತಟ್ಟೆ ಅಂದರೆ ನಿಷಿದ್ಧ. ಮಗ ನಿಯಮದ ಹಾಳೆ ತಂದ. ಸೊಸೆ ಎಲೆಯ ಆಕೃತಿಗಿಂತ ಅದರ ಮೂಲ ಮುಖ್ಯ ಎಂದಳು. ಹಾಗಾದರೆ ಕಾಗದದ ಮೂಲವೂ ಮರವೇ ಅಲ್ಲವೇ ಎಂದು ಇವನು. ಉಪ್ಪಿನಕಾಯಿಯ ಎಣ್ಣೆ ಎಲೆಯಂಚಿನಿಂದ ಮೇಜಿಗೆ ಇಳಿಯುತ್ತಿತ್ತು. ನನ್ನ ಹೆಂಡತಿ ಒಂದೊಂದಾಗಿ ಎಲೆ ಮಡಚಿ, ಯಾವ ಶಿಸ್ತಿಗೂ ಸೇರದ ಮುಖಮಾಡಿ, ಗೊಬ್ಬರದ ಡಬ್ಬಿಗೆ ತುರುಕಿ ಬಂದಳು.

ಡಬ್ಬಿಗಳಿಗೆ ಚಿಲಕವೂ ಉಂಟು. ಬ್ರಾಡ್‌ವೇ ರಸ್ತೆಯ ಪಶ್ಚಿಮಕ್ಕೆ ಕರಡಿಗಳು ಇಳಿದು ಬಂದು ಕಸ ಕೆದಕುವುದರಿಂದ 2014ರಲ್ಲಿ ಕಾನೂನು ಮಾಡಿದ್ದಾರೆ. ಕರಡಿಗೆ ಅದು ತೆಗೆಯಲು ಬರುವುದಿಲ್ಲ. ನನಗೂ ಬರುವುದಿಲ್ಲ.

ಮಳೆನೀರಿನ ವಿಚಾರವನ್ನು ಇಲ್ಲೇ ಮುಗಿಸಿಬಿಡುತ್ತೇನೆ. 2016ರವರೆಗೆ ಈ ರಾಜ್ಯದಲ್ಲಿ ಸಾಮಾನ್ಯ ಮನೆಯವರು ಸೂರಿನ ನೀರನ್ನು ಪೀಪಾಯಿಗೆ ಹಿಡಿಯುವುದೇ ಕಾನೂನುಬಾಹಿರವಾಗಿತ್ತು, ಏಕೆಂದರೆ ನಿಮ್ಮ ಮಾಡಿನ ಮೇಲೆ ಬಿದ್ದ ಹನಿಯ ಮೇಲೆ ಹೊಳೆಯ ಕೆಳಗಿನ ಯಾರದೋ ಹಳೆಯ ಹಕ್ಕು ಇರುತ್ತದೆ. ಈಗ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್, ಗಿಡಕ್ಕೆ ಹಾಕಲು ಮಾತ್ರ. ಕಾವೇರಿ ವ್ಯಾಜ್ಯವನ್ನು ನೋಡುತ್ತ ಮುದುಕರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಧ್ಯಾಯ ಮೂರು: ನಿವಾಸಿಗಳ ವರ್ಗೀಕರಣ

ಇಲ್ಲಿನ ಜೀವಿಗಳನ್ನು ಐದು ವರ್ಗಗಳಾಗಿ ವಿಂಗಡಿಸಬಹುದು.

ಅ) ಆದಿಸುಸ್ಥಿರರು. ಮನೆಗಳು ಅಗ್ಗವಾಗಿದ್ದಾಗ ಕೊಂಡವರು. ಹಳೆಯ ಸೈಕಲ್ಲು, ಹಳೆಯ ಸ್ವೆಟರು, ತೆರಿಗೆಗಳಿಗೆ ಮತ ಹಾಕಿ ಬೆಟ್ಟ ಉಳಿಸಿದವರು. ಇವರ ಬಗ್ಗೆ ನನಗೆ ಗೌರವವಿದೆ, ಭಯವೂ ಇದೆ.

ಆ) ಆರ್ಜಿತಸುಸ್ಥಿರರು. ಸಾಫ್ಟ್‌ವೇರ್ ದುಡ್ಡಿನಲ್ಲಿ ಕೊಂಡವರು. ಮಾಡಿನ ಮೇಲೆ ಸೌರಫಲಕ, ಕೆಳಗೆ ಎರಡು ವಿದ್ಯುತ್ ಕಾರು, ರಜೆ ಬಂದರೆ ವಿಮಾನದಲ್ಲಿ ಮೆಕ್ಸಿಕೊ. ನನ್ನ ಮಗ ಈ ವರ್ಗಕ್ಕೆ ಸೇರಿದವನು.

ಇ) ಅಪ್ರಜ್ಞಾಪೂರ್ವಕ ಸುಸ್ಥಿರರು. ನಾನೂ ನನ್ನ ಹೆಂಡತಿಯೂ. ಕಾರು ಓಡಿಸಲು ಬಾರದವರು, ಬೇಕಾದ್ದಷ್ಟೇ ಕೊಳ್ಳುವವರು. ಹಿತ್ತಲಲ್ಲಿ ಹಗ್ಗ ಕಟ್ಟಿ ಅವಳು ಪಂಚೆ, ಸೀರೆ ಒಣಹಾಕಿದ್ದಳು. ಪಕ್ಕದ ಮನೆಯಾಕೆ ಬೇಲಿಯಾಚೆ ನಿಂತು, ಎಷ್ಟು ಆಳವಾದ ಬದ್ಧತೆ ನಿಮ್ಮದು, ಫೋಟೊ ತೆಗೆಯಬಹುದೇ ಎಂದು ಕೇಳಿದರು. "ಏನಂತೆ ಅವಳಿಗೆ?" ಎಂದಳು ನನ್ನವಳು. ನೀನು ಬಟ್ಟೆ ಒಣಹಾಕಿದ್ದಕ್ಕೆ ಸಂತೋಷವಂತೆ ಅಂದೆ. "ಒಗೆದ ಬಟ್ಟೆ ಒಣಹಾಕದೆ ಏನು ಮಾಡ್ತಾರಂತೆ?"

ಈ) ಪ್ರೈರಿ ಡಾಗ್‌ಗಳು. ಬಯಲಿನಲ್ಲಿ ಬಿಲ ತೋಡಿಕೊಂಡು, ಹಿಂಗಾಲ ಮೇಲೆ ನಿಂತು ಕೈಜೋಡಿಸಿ ನೋಡುವ ಮುದ್ದಾದ ದಂಶಕಗಳು. ಬಿಲವಿರುವ ಜಾಗದಲ್ಲಿ ಕಟ್ಟಡ ಕಟ್ಟುವುದಿದ್ದರೆ ಇವುಗಳನ್ನು ಕೊಲ್ಲಲು ನಗರದ ಅನುಮತಿ ಬೇಕು. ಅದಕ್ಕೂ ಮುಂಚೆ ಬೇರೆಡೆ ಸಾಗಿಸುವ ದಾರಿಗಳನ್ನೆಲ್ಲ ನೋಡಬೇಕು. ಒಳ್ಳೆಯದೇ. ಪ್ರಾಣಿಗೆ ಪುನರ್ವಸತಿ ಕೊಡುವ ಊರು ದೊಡ್ಡ ಊರೇ ಸರಿ.

ಉ) ಐದನೆಯ ವರ್ಗ ಮನೆಯಿಲ್ಲದ ಮನುಷ್ಯರದು, ಅದಕ್ಕೆ ಹೆಸರು ಹುಡುಕಲು ನನಗೆ ಮನಸ್ಸಿಲ್ಲ. ಈ ಊರಿನ ಕಾನೂನಿನಲ್ಲಿ 1980ರಿಂದ ಉದ್ಯಾನದಲ್ಲಿ ಬಿಡಾರ ಹೂಡುವುದು ಅಪರಾಧ. ಬಿಡಾರ ಅಂದರೆ ಡೇರೆಯೇ ಆಗಬೇಕಿಲ್ಲ. ಉಟ್ಟ ಬಟ್ಟೆ ಬಿಟ್ಟು ಚಳಿ ಮಳೆ ತಡೆಯುವ ಯಾವ ಹೊದಿಕೆಯೂ ಬಿಡಾರವೇ. ಎಂದರೆ, ಹಿಮ ಬೀಳುವ ರಾತ್ರಿ ಕಂಬಳಿ ಹೊದ್ದು ಮಲಗಿದರೆ ದಂಡ; ಹೊದೆಯದೆ ಮಲಗಿದರೆ ಈ ಕಾನೂನಿಗೆ ಸಮ್ಮತ. ಬರೆದು, ಓದಿ, ಮತ ಹಾಕಿ, ಸಹಿ ಹಾಕಿದ ಕಾನೂನು ಇದು. ಪ್ರೈರಿ ಡಾಗ್‌ಗೆ ಬಿಲ ಹುಡುಕಿಕೊಡಲು ಕಮಿಟಿ ಕೂರುತ್ತದೆ. ಯಾರ ಪರಿಸರ, ಯಾರ ಭೂಮಿ, ಯಾವ ಸುಡುಗಾಡು ಸುಸ್ಥಿರತೆ!

ವರ್ಗೀಕರಣ ಇಲ್ಲಿಗೆ ಸಾಕು.

ಅಧ್ಯಾಯ ಐದು

(ನಾಲ್ಕನೆಯದು ಸಮುದಾಯ ತೋಟಗಳ ರಾಚನಿಕ ವಿಶ್ಲೇಷಣೆ. ಬರೆಯುವುದಿಲ್ಲ.)

ಎರಡು ವಾರಕ್ಕೊಮ್ಮೆ ಮನೆ ಒರೆಸಲು ಒಬ್ಬ ಹೆಂಗಸು ಬರುತ್ತಾರೆ. ಬಕೆಟ್ಟಿನಲ್ಲಿ ವಿನೆಗರ್ ಬಾಟಲಿ ತರುತ್ತಾರೆ, ಏಕೆಂದರೆ ಈ ಬೀದಿಯವರಿಗೆ ರಾಸಾಯನಿಕ ಆಗದು. ಅವರಿರುವುದು ಗ್ರೀಲಿ ಕಡೆ, ಕಾಪಿಟ್ಟ ಬಯಲನ್ನೆಲ್ಲ ದಾಟಿದ ಮೇಲೆ. ಹಳೆಯ ಪೆಟ್ರೋಲ್ ಕಾರು, ಬಲಗಡೆಯ ಕನ್ನಡಿಗೆ ಟೇಪು ಸುತ್ತಿದೆ. ಈ ಊರಿನ ದಾದಿಯರು, ಬಸ್ಸಿನ ಚಾಲಕರು, ಅಂಗಡಿಯ ಹುಡುಗರು ಬಹುಪಾಲು ಹಾಗೇ, ಬೆಳಿಗ್ಗೆ ಹೊಗೆ ಬಿಟ್ಟುಕೊಂಡು ಬಂದು ಸಂಜೆ ಹೊಗೆ ಬಿಟ್ಟುಕೊಂಡು ಹೋಗುವವರು. ಮನೆ ಹಂಚಿಕೊಂಡು ಇರೋಣವೆಂದರೆ, 2023ರವರೆಗೆ ಇಂಥ ಬಡಾವಣೆಯ ಮನೆಯಲ್ಲಿ ನಂಟರಲ್ಲದ ಮೂವರಿಗಿಂತ ಹೆಚ್ಚು ಜನ ಕೂಡಿ ಬಾಳುವಂತೆಯೇ ಇರಲಿಲ್ಲ. ಊರಿನ ಗಾಳಿ ಶುದ್ಧವಾಗಿರುವುದು ಹೀಗೆ, ಹೊಗೆಯನ್ನು ಹೆದ್ದಾರಿಗೆ ಕಳಿಸಿ.

ಗಾಳಿಯ ಮಾತು ಬಂದದ್ದರಿಂದ ಹೇಳಬೇಕು. 2021ರ ಡಿಸೆಂಬರ್ 30ರಂದು ಗಂಟೆಗೆ ನೂರು ಮೈಲಿ ಮುಟ್ಟುವ ಗಾಳಿ ಬೆಟ್ಟದಿಂದ ಇಳಿಯಿತು. ಒಣಹುಲ್ಲಿಗೆ ಹತ್ತಿದ ಬೆಂಕಿ ಪಕ್ಕದ ಲೂಯಿವಿಲ್, ಸುಪೀರಿಯರ್‌ಗಳಿಗೆ ನುಗ್ಗಿ ಅರ್ಧ ದಿನದಲ್ಲಿ 1,084 ಮನೆ ಸುಟ್ಟಿತು. ಇಬ್ಬರು ಸತ್ತರು. ಮಾರನೆಯ ದಿನ ಹಿಮ ಬಿತ್ತು, ಒಂದು ದಿನ ತಡವಾಗಿ. ಲೂಯಿವಿಲ್ ಅದೇ ವರ್ಷ ಕಟ್ಟುನಿಟ್ಟಾದ ಹಸಿರು ಕಟ್ಟಡ ನಿಯಮ ತಂದಿತ್ತು. ವಿಮೆಯ ಹಣ ಸಾಲದೆ ಜನ ಗೋಳಾಡಿದ ಮೇಲೆ, ಮನೆ ಕಳಕೊಂಡವರಿಗೆ ಅದರಿಂದ ವಿನಾಯಿತಿ ಕೊಡಬೇಕಾಯಿತು.

ನಮ್ಮ ಸರದಿ 2022ರ ಮಾರ್ಚ್ 26ರಂದು ಬಂತು. ಬೆಂಕಿ ಎದ್ದದ್ದು ಆ ವಾಯುಮಂಡಲ ಕೇಂದ್ರದ ಹತ್ತಿರವೇ. ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು. ಹೆಂಡತಿ ಕುಕ್ಕರ್ ಆರಿಸಿದಳು. ಇಷ್ಟು ಎತ್ತರದಲ್ಲಿ ನೀರು 95 ಡಿಗ್ರಿಗೇ ಕುದಿಯುವುದರಿಂದ ಬೇಳೆಗೆ ಎರಡು ಕೂಗು ಹೆಚ್ಚು ಬೇಕು, ಅದಿನ್ನೂ ಬೆಂದಿರಲಿಲ್ಲ. ಮಗ ಪಾಸ್‌ಪೋರ್ಟ್ ಹುಡುಕಿದ. ಟೇಬಲ್ ಮೇಸಾ ರಸ್ತೆಯಲ್ಲಿ ಕಾರುಗಳು ಒಂದರ ಹಿಂದೊಂದು ನಿಂತಿದ್ದವು, ಹಿಂದಿನ ಗಾಜಿನಲ್ಲಿ ಬೆಟ್ಟದ ಮೇಲಿನ ಹೊಗೆ. 190 ಎಕರೆಗೇ ಅದು ನಿಂತಿತು, ಯಾರ ಮನೆಯೂ ಸುಡಲಿಲ್ಲ. ಗೋಡೆಯಿಂದ ಐದಡಿಯೊಳಗೆ ಉರಿಯುವಂಥದ್ದೇನೂ ಇರಕೂಡದೆಂಬ ಬುದ್ಧಿಮಾತು ಆಮೇಲೆ ಬಂತು. ಕಿಟಕಿಯ ಕೆಳಗೆ ಪ್ರೀತಿಯಿಂದ ಬೆಳೆಸಿದ ಜುನಿಪರ್ ಪೊದೆಗಳನ್ನು ಜನ ಬುಡಸಹಿತ ಕಿತ್ತರು.

ಫಲಿತಗಳು

ಮೊನ್ನೆ ಒಂದು ಅಹವಾಲು ಸಭೆಗೆ ಹೋಗಿದ್ದೆವು. ಬಡಾವಣೆಯ ಅಂಚಿನ ವಾಹನ ನಿಲುಗಡೆ ಜಾಗದಲ್ಲಿ ಸಣ್ಣ ಫ್ಲಾಟುಗಳನ್ನು ಕಟ್ಟುವ ಪ್ರಸ್ತಾಪ. ತಲೆಗೆ ಇಷ್ಟು ನಿಮಿಷವೆಂದು ಮಾತು. ಬಂದವರೆಲ್ಲ ವಸತಿಯ ಪರವೇ. ನೆರಳು, ಸಂಚಾರ, ಗೂಬೆಗಳ ನಿದ್ದೆ, ನೆರೆಹೊರೆಯ ಗುಣಸ್ವಭಾವ, ಇವಿಷ್ಟೇ ಅಡ್ಡಿ. ನಮ್ಮ ಸಂಕಿರಣಗಳ ಹಾಗೇ "ಈ ನೆಲೆಯಲ್ಲಿ ಇನ್ನಷ್ಟು ಅಧ್ಯಯನ ನಡೆಯಬೇಕಾಗಿದೆ" ಎಂಬಲ್ಲಿಗೆ ಪ್ರತಿಯೊಬ್ಬರೂ ಬಂದು ನಿಂತರು. ಬಾಗಿಲ ಬಳಿ ವಿರೋಧದ ಮನವಿ ಇಟ್ಟಿದ್ದರು. ಮಗ ಸಹಿ ಹಾಕಿದ.

ಕಾರಿನಲ್ಲಿ ಕೇಳಿದೆ, "ಅಲ್ಲ ಕಣೋ, ನಮ್ಮನೆ ಒರೆಸೋಕೆ ಬರ್ತಾರಲ್ಲ, ಅಂಥವರಿಗೇ ಅಲ್ವೇನೋ ಆ ಮನೆಗಳು?"

"ಅಪ್ಪಾ, ಇನ್ನೂ ಇಪ್ಪತ್ತೆರಡು ವರ್ಷ ಸಾಲ ಇದೆ."

ಮೀಟರಿನಲ್ಲಿ ಬ್ಯಾಟರಿ ಎಷ್ಟಿದೆ ನೋಡಿ, ಏಸಿ ಆರಿಸಿದ.